ನರಿ, ಕೋಳಿ ಮತ್ತು ಲೆಕ್ಕದ ಪುಸ್ತಕ

ಕೋಳಿಗೂಡಿಗೆ ನುಗ್ಗುವ ನರಿಯನ್ನು ಏನು ಮಾಡಬೇಕೆಂಬುದು ಕೇವಲ ಹಿತ್ತಿಲಿನ ಪ್ರಶ್ನೆಯೆಂದು ತೋರಬಹುದು. ಇಂಗ್ಲೆಂಡಿನಲ್ಲಿ ಮಾತ್ರ ಅದು ನಾಲ್ಕು ಶತಮಾನಗಳಿಗೂ ಹೆಚ್ಚು ಕಾಲ ಶಾಸನದ, ಸಂಪತ್ತಿನ ಮತ್ತು ಮನಸ್ಸಾಕ್ಷಿಯ ಪ್ರಶ್ನೆಯಾಗಿ ಉಳಿಯಿತು. ಅಲ್ಲಿಯ ನರಿಯು ನಮ್ಮ ಊರಾಚೆ ರಾತ್ರಿ ಊಳಿಡುವ ಪ್ರಾಣಿಯಲ್ಲ. ಅದಕ್ಕಿಂತ ತುಸು ಚಿಕ್ಕದಾದ, ಪೊದೆಯಂಥ ಬಾಲವುಳ್ಳ ಕೆಂಪು ನರಿ.

ಮೊದಲನೆಯ ಎಲಿಜಬೆತ್ ರಾಣಿಯ ಆಳ್ವಿಕೆಯಲ್ಲಿ, 1566ರಲ್ಲಿ, ಧಾನ್ಯರಕ್ಷಣೆಯ ಹೆಸರಿನ ಶಾಸನವೊಂದು ಜಾರಿಗೆ ಬಂದಿತು. ಹಾನಿಕರವೆಂದು ಪಟ್ಟಿಮಾಡಿದ ಪ್ರಾಣಿಪಕ್ಷಿಗಳ ತಲೆಯನ್ನು ತಂದೊಪ್ಪಿಸಿದವರಿಗೆ ಗ್ರಾಮದ ಚರ್ಚಿನ ಪಾರುಪತ್ಯಗಾರರು ಹಣ ತೆರಬೇಕಾಗಿತ್ತು. ನೀರುನಾಯಿಯ ತಲೆಗೆ 2 ಪೆನ್ಸ್. ನರಿಯ ತಲೆಗೆ 12 ಪೆನ್ಸ್. ಆ ಕಾಲದಲ್ಲಿ ಅದು ಕೂಲಿಯವನ ಒಂದು ದಿನದ ಗಳಿಕೆಗಿಂತ ಹೆಚ್ಚು. ಈ ಪಾವತಿಗಳನ್ನು ಬರೆದಿಟ್ಟ ಚರ್ಚಿನ ಲೆಕ್ಕದ ಪುಸ್ತಕಗಳು ಅನೇಕ ಊರುಗಳಲ್ಲಿ ಉಳಿದುಬಂದಿವೆ. ರೋಜರ್ ಲವ್‌ಗ್ರೋವ್ ಅವರು ಅವುಗಳನ್ನು ಶೋಧಿಸಿ 2007ರಲ್ಲಿ ‘ಸೈಲೆಂಟ್ ಫೀಲ್ಡ್ಸ್’ ಎಂಬ ಗ್ರಂಥವನ್ನು ಪ್ರಕಟಿಸಿದರು. ದುರಸ್ತಿಯ ಖರ್ಚು ಬರೆದ ಪುಸ್ತಕದಲ್ಲಿಯೇ ಕೊಂದ ಜೀವದ ಬೆಲೆಯೂ ಇರುವುದನ್ನು ಕಂಡರೆ, ಧರ್ಮಸಂಸ್ಥೆಯ ಲೆಕ್ಕ ಬರೆಯುವ ಯಾರ ಕೈಯಾದರೂ ಕ್ಷಣಕಾಲ ತಡೆದೀತು.

ಆದರೂ ಆ ಲೆಕ್ಕದಲ್ಲಿ ಕಪಟವಿರಲಿಲ್ಲ. ಕಪಟವು ಬಂದದ್ದು ಅನಂತರ. ಕಾಡು ಕಡಿಮೆಯಾಗಿ ಜಿಂಕೆಗಳು ವಿರಳವಾದಂತೆ ಶ್ರೀಮಂತರ ದೃಷ್ಟಿ ನರಿಯ ಮೇಲೆ ಬಿದ್ದಿತು. 1753ರಿಂದ ಲೆಸ್ಟರ್‌ಷೈರಿನಲ್ಲಿ ಹ್ಯೂಗೋ ಮೆನೆಲ್ ಎಂಬ ಜಮೀನ್ದಾರನು ವೇಗದ ಬೇಟೆನಾಯಿಗಳ ತಳಿಯನ್ನು ಬೆಳೆಸತೊಡಗಿದ ಮೇಲೆ, ಕುದುರೆಯೇರಿ ನರಿಯ ಬೆನ್ನಟ್ಟುವುದು ಕುಲೀನರ ಕ್ರೀಡೆಯಾಯಿತು. ಕೇಳಿದವರಿಗೆ ಕೊಡುತ್ತಿದ್ದ ಉತ್ತರ ಒಂದೇ: ರೈತನ ಕೋಳಿ, ಕುರಿಮರಿಗಳ ರಕ್ಷಣೆ.

ಬೇಟೆಯ ಸಂಘಗಳ ಲೆಕ್ಕವು ಬೇರೆಯದನ್ನೇ ಹೇಳುತ್ತದೆ. ಅವುಗಳಲ್ಲಿ ‘ಕೋಳಿ ನಿಧಿ’ ಎಂಬ ಖಾತೆಯಿರುತ್ತಿತ್ತು. ನರಿಯು ಕೋಳಿಗಳನ್ನು ಕೊಂದರೆ ಆ ನಿಧಿಯಿಂದ ರೈತನಿಗೆ ಪರಿಹಾರ ಸಲ್ಲುತ್ತಿತ್ತು. ಉದ್ದೇಶ ಸ್ಪಷ್ಟ: ಆತನು ಸಿಟ್ಟಿನಿಂದ ನರಿಯನ್ನು ತಾನೇ ಕೊಂದುಬಿಡಬಾರದು, ಬೇಟೆಯ ದಿನಕ್ಕೆ ನರಿ ಉಳಿದಿರಬೇಕು. ಹಾಗೆ ಕೊಂದವನು ನೆರೆಹೊರೆಯಲ್ಲಿ ನಿಂದೆಗೆ ಗುರಿಯಾಗುತ್ತಿದ್ದನು. ನರಿಗಳಿಗಾಗಿ ಪೊದೆಗಳನ್ನು ನೆಟ್ಟು, ಕೃತಕ ಬಿಲಗಳನ್ನು ಕಟ್ಟಿಸಲಾಯಿತು. ಅಷ್ಟೂ ಸಾಲದೆ 19ನೆಯ ಶತಮಾನದಲ್ಲಿ ಯುರೋಪಿನಿಂದ ಜೀವಂತ ನರಿಗಳನ್ನು ತರಿಸಿ ಲಂಡನ್ನಿನ ಲೆಡನ್‌ಹಾಲ್ ಮಾರುಕಟ್ಟೆಯಲ್ಲಿ ಮಾರುತ್ತಿದ್ದರು. ಕಳ್ಳನನ್ನು ಹಿಡಿಯುತ್ತೇವೆನ್ನುವವರೇ ಹಣ ಕೊಟ್ಟು ಕಳ್ಳನನ್ನು ಕೊಂಡು ತಂದಂತಾಯಿತು! ಜೈನ ಶ್ರಾವಕಾಚಾರವು ವಿರೋಧಿ ಹಿಂಸೆಗೂ ಸಂಕಲ್ಪೀ ಹಿಂಸೆಗೂ ಮಾಡುವ ಭೇದವನ್ನು ಬಲ್ಲ ವಾಚಕರಿಗೆ ಇಲ್ಲಿ ಯಾವುದು ಯಾವುದರ ವೇಷ ತೊಟ್ಟಿತ್ತೆಂದು ವಿವರಿಸಬೇಕಾಗಿಲ್ಲ.

ಇನ್ನೂ ಸಂಶಯವಿದ್ದರೆ ನೀಲಗಿರಿಯನ್ನು ನೋಡಬಹುದು. ಉದಕಮಂಡಲದ ಆಂಗ್ಲ ಅಧಿಕಾರಿಗಳು ಬೇಟೆನಾಯಿಗಳನ್ನು ಸಾಕಿ, ತಮ್ಮ ನಾಡಿನ ನರಿ ಸಿಗದಿದ್ದಾಗ ನಮ್ಮ ನರಿಯನ್ನೇ ಬೆನ್ನಟ್ಟಿದರು. ಅಲ್ಲಿ ಯಾರ ಕೋಳಿಯ ಮಾತೂ ಇರಲಿಲ್ಲ. ಆಸ್ಟ್ರೇಲಿಯಾದಲ್ಲಂತೂ ನರಿಯೇ ಇರಲಿಲ್ಲ. 19ನೆಯ ಶತಮಾನದಲ್ಲಿ ಬೇಟೆಗಾಗಿಯೇ ತಂದುಬಿಟ್ಟರು. ಅದರ ಸಂತತಿಯಿಂದ ಅಲ್ಲಿನ ಮೂಲಜೀವಿಗಳಿಗೆ ಒದಗಿದ ವಿಪತ್ತು ಇಂದಿಗೂ ತೀರಿಲ್ಲ.

ನರಿಯ ಮೇಲಿನ ದ್ವೇಷಕ್ಕೆ ಒಂದು ನಿಜವಾದ ಕಾರಣವೂ ಉಂಟು. ಒಂದೇ ರಾತ್ರಿ ಗೂಡಿನ ಕೋಳಿಗಳನ್ನೆಲ್ಲ ಕೊಂದು, ಒಂದೆರಡನ್ನು ಮಾತ್ರ ಒಯ್ಯುವ ಅದರ ರೀತಿಯನ್ನು ಕಂಡವರು ಅದನ್ನು ಕ್ರೂರಿಯೆಂದರು. ಪ್ರಾಣಿಶಾಸ್ತ್ರಜ್ಞ ಹಾನ್ಸ್ ಕ್ರೂಕ್ ಅವರು 1972ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಕಗ್ಗತ್ತಲ ರಾತ್ರಿಗಳಲ್ಲಿ ಹಾರಿಹೋಗದೆ ಕುಳಿತ ಕಡಲಹಕ್ಕಿಗಳನ್ನು ನರಿಗಳು ಇದೇ ರೀತಿ ಕೊಂದುದನ್ನು ವಿವರಿಸಿದರು. ಬಯಲಿನಲ್ಲಿ ಒಂದು ಹಕ್ಕಿ ಸಿಕ್ಕೊಡನೆ ಉಳಿದವು ಹಾರಿಹೋಗುತ್ತವೆ; ಮುಚ್ಚಿದ ಗೂಡಿನಲ್ಲಿ ಅವುಗಳಿಗೆ ದಾರಿಯಿಲ್ಲ. ನರಿಯ ಸ್ವಭಾವದಷ್ಟೇ ಮನುಷ್ಯನು ಕಟ್ಟಿದ ಗೂಡೂ ಈ ಹತ್ಯೆಗೆ ಕಾರಣ.

ಬೇಟೆಯಿಂದ ನರಿಗಳ ಸಂಖ್ಯೆ ಹತೋಟಿಯಲ್ಲಿರುತ್ತದೆಂಬ ವಾದವೂ ಪರೀಕ್ಷೆಗೆ ಒಳಗಾಯಿತು, ಅದೂ ಆಕಸ್ಮಿಕವಾಗಿ. 2001ರಲ್ಲಿ ಬ್ರಿಟನ್ನಿನ ದನಕರುಗಳಿಗೆ ಕಾಲುಬಾಯಿ ರೋಗ ಹಬ್ಬಿದಾಗ ಫೆಬ್ರವರಿಯಿಂದ ಡಿಸೆಂಬರ್‌ವರೆಗೆ ಬೇಟೆಯನ್ನು ನಿಲ್ಲಿಸಲಾಯಿತು. ಒಂದೊಂದು ಚದರ ಕಿಲೋಮೀಟರಿನ 160 ಪ್ರದೇಶಗಳಲ್ಲಿ ನಡೆದ ಸಮೀಕ್ಷೆಯಲ್ಲಿ ನರಿಗಳು ಹೆಚ್ಚಿದ್ದು ಕಂಡುಬರಲಿಲ್ಲ. ಫಲಿತಾಂಶವು 2002ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದಕ್ಕೆ ಮೊದಲೇ, 2000ದಲ್ಲಿ, ಲಾರ್ಡ್ ಬರ್ನ್ಸ್ ಸಮಿತಿಯು ನಾಯಿಗಳ ಬೇಟೆಯು ನರಿಯ ಕ್ಷೇಮಕ್ಕೆ ಗಂಭೀರ ಧಕ್ಕೆ ತರುತ್ತದೆಂದು ವರದಿ ನೀಡಿತ್ತು. ಸ್ಕಾಟ್ಲೆಂಡ್ 2002ರಲ್ಲಿ ಶಾಸನ ಮಾಡಿತು. ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ 2004ರ ಶಾಸನವು 2005ರ ಫೆಬ್ರವರಿ 18ರಂದು ಜಾರಿಗೆ ಬಂದಿತು. ನಾಯಿಗಳಿಂದ ಬೆನ್ನಟ್ಟಿಸುವುದಕ್ಕೆ ಅದು ತಡೆಯೊಡ್ಡಿದರೂ ಗುಂಡಿಕ್ಕುವುದನ್ನು ತಡೆಯಲಿಲ್ಲ.

ಆದರೆ ಒಂದು ನರಿಯನ್ನು ಕೊಂದರೆ ತೆರವಾದ ಸೀಮೆಗೆ ಬೇರೊಂದು ಬಂದು ಸೇರುತ್ತದೆ. ಹಿತ್ತಿಲಿನಲ್ಲಿ ಕೋಳಿ ಸಾಕುವ ಅಲ್ಲಿಯ ಮನೆಗಳವರು ಈಗ ಅನುಸರಿಸುವ ಉಪಾಯ ಸರಳವಾದುದು: ತೆಳುತಂತಿಯ ಬಲೆಯನ್ನು ನರಿ ಕಚ್ಚಿ ಹರಿಯುವುದರಿಂದ ಬೆಸೆದ ದಪ್ಪತಂತಿಯ ಜಾಲರಿ, ಅದು ಬುಡ ತೋಡುವುದರಿಂದ ಜಾಲರಿಯ ಕೆಳ ಅಂಚನ್ನು ಹೊರಕ್ಕೆ ಬಾಗಿಸಿ ಮಣ್ಣಿನಲ್ಲಿ ಹೂಳುವುದು, ಮೇಲೂ ಮುಚ್ಚಿಗೆ, ಮತ್ತು ಪ್ರತಿದಿನ ಕತ್ತಲಾಗುವ ಮೊದಲು ಗೂಡಿನ ಬಾಗಿಲು ಹಾಕಿ ಅಗಳಿಯನ್ನು ನೋಡುವುದು.