ಆರಂಭಿಕ ರೈಲುಗಳ ಯಾಂತ್ರಿಕ ಬ್ರೇಕು ವ್ಯವಸ್ಥೆ

ರೈಲುಗಳ ಯಾಂತ್ರಿಕ ಬ್ರೇಕು ಎಂದರೆ ಸನ್ನೆಗೋಲು, ತಿರುಪು, ಹಲ್ಲುಚಕ್ರ, ಸರಪಳಿ, ಹಗ್ಗ ಮೊದಲಾದ ಸಾಧನಗಳ ಮೂಲಕ ಬಲವನ್ನು ಚಕ್ರಗಳಿಗೆ ಮುಟ್ಟಿಸಿ ಗಾಡಿಯ ವೇಗವನ್ನು ತಗ್ಗಿಸುವ ಅಥವಾ ಗಾಡಿಯನ್ನು ನಿಲ್ಲಿಸುವ ವ್ಯವಸ್ಥೆ. ಗಾಳಿಯ ಒತ್ತಡದಿಂದ ಅಥವಾ ನಿರ್ವಾತದಿಂದ ಕೆಲಸ ಮಾಡುವ ಬ್ರೇಕುಗಳು ರೂಢಿಗೆ ಬರುವವರೆಗೆ, ಅಂದರೆ 1825ರಿಂದ ಸುಮಾರು 1880ರ ದಶಕದವರೆಗೆ, ಬ್ರಿಟನ್, ಯೂರೋಪು ಮತ್ತು ಅಮೆರಿಕದ ರೈಲುಗಳು ಬಹುಮಟ್ಟಿಗೆ ಇವನ್ನೇ ಅವಲಂಬಿಸಿದ್ದವು. ಈ ಅವಧಿಯಲ್ಲಿ ಎಂಜಿನ್ನುಗಳ ಎಳೆಯುವ ಶಕ್ತಿಯೂ ವೇಗವೂ ಹೆಚ್ಚಿದಷ್ಟು ಶೀಘ್ರವಾಗಿ ರೈಲನ್ನು ನಿಲ್ಲಿಸುವ ಸಾಮರ್ಥ್ಯ ಹೆಚ್ಚಲಿಲ್ಲ. ಬ್ರೇಕಿನ ಜೋಡಣೆಯೇ ತುಂಡಾದಾಗ ಅಥವಾ ರೈಲು ಎರಡು ಭಾಗವಾದಾಗ ಗಾಡಿಗಳು ತಾವಾಗಿಯೇ ನಿಲ್ಲುವಂತಿರಬೇಕು ಎಂಬ ತತ್ತ್ವವನ್ನು ಎಲ್ಲರೂ ಒಪ್ಪಿಕೊಳ್ಳಲು ಆರು ದಶಕಗಳಿಗೂ ಹೆಚ್ಚು ಕಾಲ ಹಿಡಿಯಿತು.

ಹಿನ್ನೆಲೆ

ಕಬ್ಬಿಣದ ಹಳಿಯ ಮೇಲೆ ಕಬ್ಬಿಣದ ಚಕ್ರ ಉರುಳುವಾಗ ಘರ್ಷಣೆ ಬಹಳ ಕಡಿಮೆ. ಸಣ್ಣ ಎಂಜಿನ್ನೊಂದು ಭಾರವಾದ ಗಾಡಿಗಳನ್ನು ಎಳೆಯಬಲ್ಲದ್ದು ಇದರಿಂದಲೇ. ಅದೇ ಗಾಡಿಗಳನ್ನು ನಿಲ್ಲಿಸುವುದು ಕಷ್ಟವಾಗುವುದೂ ಇದರಿಂದಲೇ. ವೇಗ ಎರಡು ಪಟ್ಟಾದರೆ ಗಾಡಿಯ ಚಲನಶಕ್ತಿ ನಾಲ್ಕು ಪಟ್ಟಾಗುತ್ತದೆ. ಆದ್ದರಿಂದ ಬ್ರೇಕಿನ ಬಲ ಅಷ್ಟೇ ಇದ್ದರೆ, ನಿಲ್ಲಲು ಬೇಕಾದ ದೂರವೂ ಸುಮಾರು ನಾಲ್ಕು ಪಟ್ಟು ಹೆಚ್ಚುತ್ತದೆ.

ಉಗಿ ಎಂಜಿನ್ನಿಗಿಂತ ಮೊದಲು ಇಂಗ್ಲೆಂಡಿನ ಕಲ್ಲಿದ್ದಲ ಗಣಿಗಳಲ್ಲಿ ಕುದುರೆಗಳು ಎಳೆಯುತ್ತಿದ್ದ ಹಳಿಬಂಡಿಗಳಿಗೆ ಉದ್ದನೆಯ ಮರದ ಸನ್ನೆಗೋಲೇ ಬ್ರೇಕು. ಇಳಿಜಾರಿನಲ್ಲಿ ಬಂಡಿಯಾಳು ಅದನ್ನು ಚಕ್ರದ ಮೇಲೆ ಒತ್ತಿ ಹಿಡಿಯುತ್ತಿದ್ದನು. 1825ರಲ್ಲಿ ಆರಂಭವಾದ ಸ್ಟಾಕ್ಟನ್ ಮತ್ತು ಡಾರ್ಲಿಂಗ್ಟನ್ ರೈಲುಮಾರ್ಗದ ಕಲ್ಲಿದ್ದಲ ಗಾಡಿಗಳಿಗೂ ಇದೇ ಬಗೆಯ ಕೈ ಬ್ರೇಕುಗಳಿದ್ದವು. ಎಂಜಿನ್ನಿನ ಚಾಲಕನಿಗೆ ತುರ್ತು ಸಂದರ್ಭದಲ್ಲಿ ಉಳಿದಿದ್ದ ಇನ್ನೊಂದು ಉಪಾಯವೆಂದರೆ ಎಂಜಿನ್ನನ್ನು ಹಿಮ್ಮುಖವಾಗಿ ನಡೆಸುವುದು. 1833ರಲ್ಲಿ ರಾಬರ್ಟ್ ಸ್ಟೀಫನ್‌ಸನ್ ಎಂಜಿನ್ನಿನ ಚಕ್ರಗಳನ್ನು ಉಗಿಯ ಬಲದಿಂದ ತಡೆಯುವ ಬ್ರೇಕಿಗೆ ಪೇಟೆಂಟ್ ಪಡೆದನು. ಆದರೆ ಅದು ಎಂಜಿನ್ನಿಗೆ ಮಾತ್ರ ಸಂಬಂಧಿಸಿದ್ದು. ಹಿಂದಿನ ಗಾಡಿಗಳ ಭಾರವನ್ನು ತಡೆಯುವ ಸಮಸ್ಯೆ ಹಾಗೆಯೇ ಉಳಿಯಿತು.

ಕೈ ಬ್ರೇಕು ಮತ್ತು ಬ್ರೇಕ್ ವ್ಯಾನ್

ಪ್ರಯಾಣಿಕರ ರೈಲುಗಳಲ್ಲಿ ಎಲ್ಲ ಗಾಡಿಗಳಿಗೂ ಬ್ರೇಕು ಇರುತ್ತಿರಲಿಲ್ಲ. ಎಂಜಿನ್ನಿನ ಹಿಂದಿರುವ, ನೀರು ಮತ್ತು ಕಲ್ಲಿದ್ದಲನ್ನು ಹೊತ್ತ ಟೆಂಡರ್‌ಗೆ ಒಂದು ಕೈ ಬ್ರೇಕು. ಗಾರ್ಡ್ ಕುಳಿತುಕೊಳ್ಳುವ ಬ್ರೇಕ್ ವ್ಯಾನಿಗೆ ಇನ್ನೊಂದು. ಉದ್ದನೆಯ ರೈಲಾದರೆ ನಡುವೆ ಮತ್ತೊಂದು ಬ್ರೇಕ್ ವ್ಯಾನ್. ಗಾರ್ಡ್ ಕೈಚಕ್ರವನ್ನು ತಿರುಗಿಸಿದಾಗ ತಿರುಪಿನ ದಂಡವು ಸನ್ನೆಗೋಲುಗಳನ್ನು ಎಳೆದು, ಮರದ ದಿಮ್ಮಿಗಳನ್ನು ಚಕ್ರದ ಅಂಚಿಗೆ ಒತ್ತುತ್ತಿತ್ತು. ಮರದ ದಿಮ್ಮಿ ಚಕ್ರವನ್ನು ಚೆನ್ನಾಗಿ ಹಿಡಿಯುತ್ತಿತ್ತಾದರೂ ಬೇಗ ಸವೆಯುತ್ತಿತ್ತು. ದೀರ್ಘ ಇಳಿಜಾರಿನಲ್ಲಿ ಕಾದು ಹೊಗೆಯಾಡುತ್ತಿತ್ತು. ಮುಂದೆ ಎರಕದ ಕಬ್ಬಿಣದ ದಿಮ್ಮಿಗಳು ಅದರ ಸ್ಥಾನವನ್ನು ಪಡೆದವು.

ಚಾಲಕನಿಗೂ ಗಾರ್ಡ್‌ಗೂ ನಡುವೆ ಇದ್ದ ಸಂಪರ್ಕವೆಂದರೆ ಎಂಜಿನ್ನಿನ ಸೀಟಿ ಮಾತ್ರ. ಅಪಾಯ ಕಂಡ ಚಾಲಕ ಸೀಟಿ ಊದಬೇಕು, ಗಾರ್ಡ್ ಅದನ್ನು ಕೇಳಿಸಿಕೊಳ್ಳಬೇಕು, ಅನಂತರ ಕೈಚಕ್ರವನ್ನು ಹಲವು ಸುತ್ತು ತಿರುಗಿಸಬೇಕು. ಇಷ್ಟಾಗುವಷ್ಟರಲ್ಲಿ ರೈಲು ನೂರಾರು ಮೀಟರ್ ಮುಂದೆ ಸಾಗಿರುತ್ತಿತ್ತು.

ಈ ವ್ಯವಸ್ಥೆಯ ದೌರ್ಬಲ್ಯವನ್ನು ಎರಡು ಅಪಘಾತಗಳು ಎರಡು ಬಗೆಯಲ್ಲಿ ತೋರಿಸಿದವು. 1868ರ ಆಗಸ್ಟ್ 20ರಂದು ವೇಲ್ಸ್‌ನ ಅಬರ್ಗೆಲೆ ಬಳಿ, ಇಳಿಜಾರಿನ ಹಳಿಯ ಮೇಲೆ ಬ್ರೇಕ್ ವ್ಯಾನಿನ ಕೈ ಬ್ರೇಕಿನ ಆಧಾರದಲ್ಲಿ ಕೆಲವು ಸರಕು ಗಾಡಿಗಳನ್ನು ನಿಲ್ಲಿಸಲಾಗಿತ್ತು. ಬೇರೆ ಗಾಡಿಗಳು ಬಂದು ತಾಗಿದ ರಭಸಕ್ಕೆ ಆ ಬ್ರೇಕಿನ ಹಲ್ಲುಚಕ್ರ ಮುರಿಯಿತು. ಪ್ಯಾರಾಫಿನ್ ಎಣ್ಣೆಯ ಪೀಪಾಯಿಗಳನ್ನು ತುಂಬಿದ್ದ ಗಾಡಿಗಳೂ ಸೇರಿ ಎಲ್ಲವೂ ಕೆಳಗೆ ಉರುಳಿ, ಎದುರಿನಿಂದ ಬರುತ್ತಿದ್ದ ಐರಿಷ್ ಮೇಲ್ ರೈಲಿಗೆ ಬಡಿದವು. ಹೊತ್ತಿಕೊಂಡ ಬೆಂಕಿಯಲ್ಲಿ 33 ಮಂದಿ ಸತ್ತರು. ಇಷ್ಟು ಭಾರ ನಿಂತಿದ್ದುದು ಎರಕದ ಒಂದು ಬಿಡಿಭಾಗದ ಮೇಲೆ. ಎರಡನೆಯದು 1874ರ ಡಿಸೆಂಬರ್ 24ರಂದು ಆಕ್ಸ್‌ಫರ್ಡ್ ಸಮೀಪದ ಶಿಪ್ಟನ್‌ನಲ್ಲಿ ನಡೆಯಿತು. ರೈಲಿನ ಮುಂಭಾಗದ ಗಾಡಿಯೊಂದರ ಚಕ್ರದ ಪಟ್ಟಿ ಒಡೆದಾಗ ಚಾಲಕ ಎಂಜಿನ್ನನ್ನು ತಡೆದನು. ಮುಂದಿನ ಭಾಗ ನಿಧಾನವಾಯಿತು, ಬ್ರೇಕಿಲ್ಲದ ಹಿಂದಿನ ಗಾಡಿಗಳು ನುಗ್ಗಿಬಂದು ಮುರಿದ ಗಾಡಿಯನ್ನು ನಜ್ಜುಗುಜ್ಜಾಗಿಸಿದವು. 34 ಮಂದಿ ಪ್ರಾಣ ಕಳೆದುಕೊಂಡರು. ಇಲ್ಲಿ ಬ್ರೇಕು ಕೆಟ್ಟಿರಲಿಲ್ಲ. ರೈಲಿನ ಒಂದು ತುದಿಯಲ್ಲಿ ಮಾತ್ರ ಅದು ಕೆಲಸ ಮಾಡಿದ್ದೇ ಅನಾಹುತವನ್ನು ಹೆಚ್ಚಿಸಿತು.

ಅಮೆರಿಕದ ಬ್ರೇಕ್‌ಮನ್‌ಗಳು

ಅಮೆರಿಕದ ಸರಕು ರೈಲುಗಳಲ್ಲಿ ಪ್ರತಿ ಗಾಡಿಗೂ ಕೈ ಬ್ರೇಕು ಇರುತ್ತಿತ್ತು, ಆದರೆ ಅದರ ಕೈಚಕ್ರವನ್ನು ಗಾಡಿಯ ಛಾವಣಿಯ ತುದಿಯಲ್ಲಿ ಕೂರಿಸಲಾಗಿತ್ತು. ಸೀಟಿ ಕೇಳಿದೊಡನೆ ಬ್ರೇಕ್‌ಮನ್ ಎಂಬ ನೌಕರರು ಓಡುತ್ತಿರುವ ರೈಲಿನ ಛಾವಣಿಯ ಮೇಲೆ ಒಂದು ಗಾಡಿಯಿಂದ ಇನ್ನೊಂದಕ್ಕೆ ದಾಟುತ್ತ, ಒಂದೊಂದೇ ಚಕ್ರವನ್ನು ಬಿಗಿಗೊಳಿಸುತ್ತಿದ್ದರು. ಮಂಜು, ಮಳೆ, ಕತ್ತಲೆ, ತಗ್ಗಿನ ಸೇತುವೆಗಳ ನಡುವೆ ನಡೆಯುತ್ತಿದ್ದ ಈ ಕೆಲಸದಲ್ಲಿ ಸಾವುನೋವು ಸಾಮಾನ್ಯವಾಗಿತ್ತು. ಅಯೋವಾ ರಾಜ್ಯದ ಲೊರೆಂಜೊ ಕಾಫಿನ್ ಈ ನೌಕರರ ಪರವಾಗಿ ವರ್ಷಗಟ್ಟಲೆ ಹೋರಾಡಿದನು. 1893ರಲ್ಲಿ ಅಂಗೀಕಾರವಾದ ರೈಲು ಸುರಕ್ಷಾ ಸಾಧನ ಕಾಯಿದೆಯು, ಬ್ರೇಕ್‌ಮನ್‌ಗಳ ಕೈಬ್ರೇಕನ್ನು ನೆಚ್ಚದೆ ಎಂಜಿನ್ ಚಾಲಕನೇ ರೈಲಿನ ವೇಗವನ್ನು ಹಿಡಿತದಲ್ಲಿಡುವಂತಿರಬೇಕು ಎಂದು ವಿಧಿಸಿತು.

ನಿರಂತರ ಯಾಂತ್ರಿಕ ಬ್ರೇಕುಗಳು

ರೈಲಿನ ಅನೇಕ ಗಾಡಿಗಳ ಮೇಲೆ ಒಂದೇ ಕಡೆಯಿಂದ ಏಕಕಾಲಕ್ಕೆ ಹಾಕಬಹುದಾದ ಬ್ರೇಕನ್ನು ನಿರಂತರ ಬ್ರೇಕು ಎನ್ನುತ್ತಾರೆ. 1850ರ ದಶಕದಲ್ಲಿ ಇಂಗ್ಲೆಂಡಿನ ಲ್ಯಾಂಕಾಷೈರ್ ಪ್ರದೇಶದಲ್ಲಿ ಜೇಮ್ಸ್ ನ್ಯೂಆಲ್ ಮತ್ತು ಚಾರ್ಲ್ಸ್ ಫೇ ಎಂಬ ಇಬ್ಬರು ಪ್ರತ್ಯೇಕವಾಗಿ ಇಂತಹ ಬ್ರೇಕುಗಳನ್ನು ರೂಪಿಸಿದರು. ಎರಡರಲ್ಲಿಯೂ ಗಾಡಿಗಳುದ್ದಕ್ಕೂ ಹಾಯುವ ಕಬ್ಬಿಣದ ದಂಡವನ್ನು ಗಾರ್ಡ್ ತನ್ನ ವ್ಯಾನಿನಿಂದ ತಿರುಗಿಸಿದರೆ ಪ್ರತಿ ಗಾಡಿಯ ಬ್ರೇಕು ಬಿಗಿಯಾಗುತ್ತಿತ್ತು. ತಿರುವುಗಳಲ್ಲಿ ಗಾಡಿಗಳು ಓರೆಯಾಗುವುದರಿಂದಲೂ ಅವುಗಳ ನಡುವಿನ ಅಂತರ ಹೆಚ್ಚು ಕಡಿಮೆಯಾಗುವುದರಿಂದಲೂ, ಈ ದಂಡಕ್ಕೆ ಪ್ರತಿ ಗಾಡಿಯ ತುದಿಯಲ್ಲಿ ಬಾಗುವ ಹಾಗೂ ಚಾಚಿಕೊಳ್ಳುವ ಕೀಲುಗಳು ಬೇಕಾಗಿದ್ದವು. ಗಾಡಿಗಳ ಸಂಖ್ಯೆ ಹೆಚ್ಚಿದಂತೆ ಗಾರ್ಡ್‌ನ ತೋಳಿನ ಬಲವೆಲ್ಲ ಕೀಲುಗಳ ಘರ್ಷಣೆಯಲ್ಲೇ ವ್ಯಯವಾಗುತ್ತಿತ್ತು. ಆದ್ದರಿಂದ ಕೆಲವೇ ಗಾಡಿಗಳ ಗುಂಪಿಗೆ ಈ ಬ್ರೇಕು ಸೀಮಿತವಾಯಿತು.

ಮನುಷ್ಯನ ತೋಳಿನ ಬದಲು ಓಡುವ ರೈಲಿನ ಶಕ್ತಿಯನ್ನೇ ಅದನ್ನು ನಿಲ್ಲಿಸಲು ಬಳಸುವುದು ಮುಂದಿನ ಹೆಜ್ಜೆ. ಜಾನ್ ಕ್ಲಾರ್ಕ್ ರೂಪಿಸಿದ ಸರಪಳಿ ಬ್ರೇಕು ಈ ಬಗೆಯದು. ಗಾಡಿಗಳ ಅಡಿಯಲ್ಲಿ ಸರಪಳಿಯೊಂದು ಹಾದುಹೋಗಿರುತ್ತದೆ. ಬ್ರೇಕ್ ವ್ಯಾನಿನಲ್ಲಿರುವ ಘರ್ಷಣಾ ಚಕ್ರವನ್ನು ತಿರುಗುತ್ತಿರುವ ಅಚ್ಚಿಗೆ ತಾಗಿಸಿದರೆ ಅದೂ ತಿರುಗಲಾರಂಭಿಸಿ ಸರಪಳಿಯನ್ನು ಸುತ್ತಿಕೊಳ್ಳುತ್ತದೆ. ಬಿಗಿಯಾದ ಸರಪಳಿಯು ಪ್ರತಿ ಗಾಡಿಯ ಸನ್ನೆಗೋಲುಗಳನ್ನು ಎಳೆಯುತ್ತದೆ. ನಾರ್ತ್ ಲಂಡನ್ ರೈಲ್ವೆ ಇದನ್ನು ಬಳಸಿತು. ಲಂಡನ್ ಮತ್ತು ನಾರ್ತ್ ವೆಸ್ಟರ್ನ್ ರೈಲ್ವೆಯ ಮುಖ್ಯ ಎಂಜಿನಿಯರ್ ಫ್ರಾನ್ಸಿಸ್ ವೆಬ್ ಸುಧಾರಿಸಿದ ರೂಪವು ಕ್ಲಾರ್ಕ್–ವೆಬ್ ಬ್ರೇಕು ಎಂದು ಹೆಸರಾಯಿತು. ಇದರ ದೋಷಗಳೂ ಸರಪಳಿಯಲ್ಲೇ ಇದ್ದವು. ಗಾಡಿಗಳು ಒತ್ತಿಕೊಂಡಾಗ ಸರಪಳಿ ಸಡಿಲವಾಗುತ್ತಿತ್ತು, ಬಿಗಿಯಾಗುವಾಗ ಗಾಡಿಗಳು ಎಳೆತಕ್ಕೆ ಸಿಕ್ಕಿ ಜಗ್ಗುತ್ತಿದ್ದವು, ಸರಪಳಿ ತುಂಡಾದರೆ ಅದರಾಚೆಯ ಗಾಡಿಗಳಿಗೆ ಬ್ರೇಕೇ ಇಲ್ಲದಂತಾಗುತ್ತಿತ್ತು.

ಬವೇರಿಯಾದ ಯಾಕೋಬ್ ಹೇಬರ್ಲೈನ್ ಇದೇ ಸಾಮಗ್ರಿಯನ್ನು ತಿರುವುಮುರುವಾಗಿ ಜೋಡಿಸಿದನು. ಹೇಬರ್ಲೈನ್ ಬ್ರೇಕಿನಲ್ಲಿ ರೈಲಿನ ಛಾವಣಿಗಳ ಮೇಲೆ ಒಂದು ಹಗ್ಗ ಹಾದುಹೋಗುತ್ತದೆ. ಹಗ್ಗ ಬಿಗಿಯಾಗಿರುವಷ್ಟು ಹೊತ್ತು ಪ್ರತಿ ಗಾಡಿಯ ಘರ್ಷಣಾ ಚಕ್ರ ಅಚ್ಚಿನಿಂದ ದೂರ ಎತ್ತಲ್ಪಟ್ಟಿರುತ್ತದೆ. ಹಗ್ಗವನ್ನು ಸಡಿಲಬಿಟ್ಟರೆ ಅದು ತನ್ನ ಭಾರದಿಂದಲೇ ಅಚ್ಚಿನ ಮೇಲೆ ಕೂತು, ಸರಪಳಿಯನ್ನು ಸುತ್ತಿ ಬ್ರೇಕು ಹಾಕುತ್ತದೆ. ಹಗ್ಗ ಹರಿದರೂ, ಕೊಂಡಿ ಕಳಚಿ ರೈಲು ಎರಡಾದರೂ, ಆಗುವುದು ಇದೇ. ಬಲದಿಂದ ಬ್ರೇಕು ಹಾಕುವುದಲ್ಲ, ಬಲದಿಂದ ಬ್ರೇಕನ್ನು ತಡೆಹಿಡಿಯುವುದು ಎಂಬ ಈ ವಿಚಾರವು ಹಗ್ಗ, ಸರಪಳಿ, ಭಾರದ ತುಂಡು ಇಷ್ಟರಲ್ಲೇ ಸಾಧ್ಯವಾಗಿತ್ತು. ಹಗ್ಗ ಹಿಗ್ಗುವುದರಿಂದ ಉದ್ದನೆಯ, ವೇಗದ ರೈಲುಗಳಿಗೆ ಇದು ಹೊಂದಲಿಲ್ಲ. ಸ್ಯಾಕ್ಸನಿಯ ಕಿರುಹಳಿ ಮಾರ್ಗಗಳಲ್ಲಿ ಮಾತ್ರ ದೀರ್ಘಕಾಲ ಉಳಿಯಿತು.

ನೆವಾರ್ಕ್ ಪ್ರಯೋಗಗಳು

1875ರ ಜೂನ್ ತಿಂಗಳಲ್ಲಿ ಬ್ರಿಟನ್ನಿನ ರೈಲು ಅಪಘಾತಗಳ ರಾಯಲ್ ಕಮಿಷನ್, ನೆವಾರ್ಕ್ ಸಮೀಪದ ಮಿಡ್‌ಲ್ಯಾಂಡ್ ರೈಲ್ವೆಯ ಹಳಿಯಲ್ಲಿ ಎಂಟು ಬಗೆಯ ನಿರಂತರ ಬ್ರೇಕುಗಳನ್ನು ಪರೀಕ್ಷಿಸಿತು. ಯಾಂತ್ರಿಕ ಬ್ರೇಕುಗಳ ಪೈಕಿ ಫೇ ಬ್ರೇಕಿನ ರೈಲು ಗಂಟೆಗೆ ಸುಮಾರು 72 ಕಿ.ಮೀ. ವೇಗದಿಂದ ನಿಲ್ಲಲು 361 ಮೀಟರ್ ದೂರವನ್ನೂ 27.5 ಸೆಕೆಂಡುಗಳನ್ನೂ ತೆಗೆದುಕೊಂಡಿತು. ಕ್ಲಾರ್ಕ್–ವೆಬ್ ಸರಪಳಿ ಬ್ರೇಕಿನ ರೈಲಿಗೆ ಸುಮಾರು 76 ಕಿ.ಮೀ. ವೇಗದಿಂದ 438 ಮೀಟರ್ ಮತ್ತು 29 ಸೆಕೆಂಡು ಬೇಕಾಯಿತು. ಜಾರ್ಜ್ ವೆಸ್ಟಿಂಗ್‌ಹೌಸ್‌ನ ಸ್ವಯಂಚಾಲಿತ ಗಾಳಿ ಬ್ರೇಕು ಸುಮಾರು 84 ಕಿ.ಮೀ. ವೇಗದಲ್ಲಿದ್ದ ರೈಲನ್ನು 278 ಮೀಟರಿನಲ್ಲಿ, 19 ಸೆಕೆಂಡಿನಲ್ಲಿ ನಿಲ್ಲಿಸಿತು. ರೈಲುಗಳ ತೂಕ ಒಂದೇ ಆಗಿರಲಿಲ್ಲವಾದ್ದರಿಂದ ಈ ಅಂಕಿಗಳನ್ನು ನೇರವಾಗಿ ಹೋಲಿಸುವುದು ಸರಿಯಲ್ಲ. ಆದರೂ ವ್ಯತ್ಯಾಸ ಕಣ್ಣಿಗೆ ಕಾಣುವಷ್ಟಿತ್ತು. ಗಮನಿಸಬೇಕಾದ ಸಂಗತಿಯೆಂದರೆ, ಸ್ಮಿತ್‌ನ ಸರಳ ನಿರ್ವಾತ ಬ್ರೇಕು ಸರಪಳಿ ಬ್ರೇಕಿಗಿಂತ ಹೆಚ್ಚೇನೂ ಉತ್ತಮವಾಗಿರಲಿಲ್ಲ. ಅದರ ರೈಲು ಸುಮಾರು 80 ಕಿ.ಮೀ. ವೇಗದಿಂದ ನಿಂತದ್ದು 442 ಮೀಟರಿನಲ್ಲಿ.

ವೆಸ್ಟಿಂಗ್‌ಹೌಸ್ ವ್ಯವಸ್ಥೆಯಲ್ಲಿ ರೈಲಿನುದ್ದದ ಕೊಳವೆಯಲ್ಲಿ ಒತ್ತಡದ ಗಾಳಿ ತುಂಬಿರುವಾಗ ಬ್ರೇಕು ಬಿಟ್ಟುಕೊಂಡಿರುತ್ತದೆ. ಒತ್ತಡ ಇಳಿದರೆ ಹಾಕಿಕೊಳ್ಳುತ್ತದೆ. ಹೇಬರ್ಲೈನನ ಹಗ್ಗದ ತತ್ತ್ವವೇ ಇಲ್ಲಿ ಗಾಳಿಯ ರೂಪದಲ್ಲಿ ಕೆಲಸ ಮಾಡುತ್ತದೆ. ಇಷ್ಟಾದರೂ ಹಲವು ಕಂಪನಿಗಳು ಖರ್ಚಿನ ಕಾರಣದಿಂದ ತಮ್ಮ ಹಳೆಯ ಬ್ರೇಕುಗಳನ್ನೇ ಮುಂದುವರಿಸಿದವು. ಲಂಡನ್ ಮತ್ತು ನಾರ್ತ್ ವೆಸ್ಟರ್ನ್ ಕಂಪನಿ ಸರಪಳಿ ಬ್ರೇಕನ್ನು ಕೈಬಿಟ್ಟದ್ದು 1880ರ ದಶಕದಲ್ಲಿ.

ಗಾಲ್ಟನ್‌ನ ಅಧ್ಯಯನ

1878ರಲ್ಲಿ ಕ್ಯಾಪ್ಟನ್ ಡಗ್ಲಸ್ ಗಾಲ್ಟನ್, ವೆಸ್ಟಿಂಗ್‌ಹೌಸ್‌ನ ಸಹಕಾರದೊಂದಿಗೆ ಬ್ರೈಟನ್ ಸಮೀಪ ಅಳತೆಯ ಉಪಕರಣಗಳುಳ್ಳ ಗಾಡಿಯಲ್ಲಿ ಪ್ರಯೋಗಗಳನ್ನು ನಡೆಸಿದನು. ಚಕ್ರಕ್ಕೂ ಬ್ರೇಕ್ ದಿಮ್ಮಿಗೂ ನಡುವಿನ ಘರ್ಷಣೆ ಹೆಚ್ಚು ವೇಗದಲ್ಲಿ ಕಡಿಮೆಯಿದ್ದು, ವೇಗ ತಗ್ಗಿದಂತೆ ಹೆಚ್ಚುತ್ತದೆ ಎಂಬುದು ತಿಳಿದುಬಂತು. ಚಕ್ರ ತಿರುಗುವುದನ್ನು ಪೂರ್ತಿ ನಿಲ್ಲಿಸಿ ಹಳಿಯ ಮೇಲೆ ಜಾರಿದರೆ ತಡೆಯುವ ಬಲ ಬಹಳಷ್ಟು ಕುಸಿಯುತ್ತದೆ ಎಂಬುದೂ ಖಚಿತವಾಯಿತು. ಚಕ್ರ ಕಟ್ಟಿಹೋಗುವಷ್ಟು ಬಿಗಿಯಾಗಿ ಬ್ರೇಕು ಹಾಕುವುದೇ ಉತ್ತಮ ಎಂಬ ಆವರೆಗಿನ ನಂಬಿಕೆಗೆ ಇದು ವಿರುದ್ಧವಾಗಿತ್ತು.

ಆರ್ಮಾ ದುರಂತ ಮತ್ತು 1889ರ ಕಾಯಿದೆ

1889ರ ಜೂನ್ 12ರಂದು ಐರ್ಲೆಂಡಿನ ಆರ್ಮಾ ಪಟ್ಟಣದಿಂದ ಭಾನುವಾರದ ಶಾಲೆಯ ಮಕ್ಕಳು ಮತ್ತು ಅವರ ಮನೆಯವರನ್ನು ಹೊತ್ತ 15 ಗಾಡಿಗಳ ವಿಹಾರ ರೈಲು ಸಮುದ್ರತೀರದ ವಾರೆನ್‌ಪಾಯಿಂಟ್‌ಗೆ ಹೊರಟಿತು. ಟಿಕೆಟ್ ಇಲ್ಲದವರು ಹತ್ತದಂತೆ ಗಾಡಿಗಳ ಬಾಗಿಲುಗಳಿಗೆ ಬೀಗ ಹಾಕಲಾಗಿತ್ತು. 75 ಅಡಿಗೆ 1 ಅಡಿ ಏರುವ ಮಾರ್ಗದಲ್ಲಿ, ತುದಿಗೆ ಸ್ವಲ್ಪವೇ ದೂರವಿರುವಾಗ, ಭಾರ ಎಳೆಯಲಾರದೆ ಎಂಜಿನ್ ನಿಂತಿತು. ಮುಂದಿನ 5 ಗಾಡಿಗಳನ್ನು ಮೊದಲು ಒಯ್ದು, ಹಿಂದಿನ 10 ಗಾಡಿಗಳಿಗೆ ಮತ್ತೆ ಬರುವುದೆಂದು ನಿರ್ಧಾರವಾಯಿತು.

ಆ ರೈಲಿಗೆ ಇದ್ದದ್ದು ಸ್ವಯಂಚಾಲಿತವಲ್ಲದ, ಸರಳ ನಿರ್ವಾತ ಬ್ರೇಕು. ಎಂಜಿನ್ನಿನಿಂದ ನಿರ್ವಾತ ಉಂಟುಮಾಡಿದಾಗ ಮಾತ್ರ ಅದು ಹಿಡಿಯುತ್ತಿತ್ತು. ಕೊಳವೆಯನ್ನು ಬಿಚ್ಚಿದೊಡನೆ ಹಿಂದಿನ ಗಾಡಿಗಳೆಲ್ಲ ಬ್ರೇಕು ಕಳೆದುಕೊಂಡವು. ಉಳಿದದ್ದು ಕೊನೆಯ ವ್ಯಾನಿನ ಒಂದು ಕೈ ಬ್ರೇಕು ಮತ್ತು ಚಕ್ರಗಳ ಕೆಳಗೆ ಇಟ್ಟ ಕಲ್ಲುಗಳು. ಮುಂದಿನ ಭಾಗ ಹೊರಡುವಾಗ ಸ್ವಲ್ಪ ಹಿಂದಕ್ಕೆ ಸರಿದು ತಾಗಿತು. ಕಲ್ಲುಗಳು ಪುಡಿಯಾದವು. ಹತ್ತು ಗಾಡಿಗಳು ಇಳಿಜಾರಿನಲ್ಲಿ ವೇಗ ಪಡೆಯುತ್ತ ಹಿಮ್ಮುಖವಾಗಿ ಉರುಳಿ, ಸಮಯದ ಅಂತರವನ್ನಷ್ಟೇ ನೋಡಿ ಹಿಂದಿನಿಂದ ಬಿಟ್ಟಿದ್ದ ಇನ್ನೊಂದು ರೈಲಿಗೆ ಅಪ್ಪಳಿಸಿದವು. 80 ಮಂದಿ ಸತ್ತರು. ಅವರಲ್ಲಿ ಅನೇಕರು ಮಕ್ಕಳು.

ಅದೇ ವರ್ಷದ ಆಗಸ್ಟ್‌ನಲ್ಲಿ ಬ್ರಿಟಿಷ್ ಸಂಸತ್ತು ರೈಲ್ವೆ ನಿಯಂತ್ರಣ ಕಾಯಿದೆಯನ್ನು ಅಂಗೀಕರಿಸಿತು. ಪ್ರಯಾಣಿಕರ ರೈಲುಗಳೆಲ್ಲವೂ ನಿರಂತರ ಹಾಗೂ ಸ್ವಯಂಚಾಲಿತ ಬ್ರೇಕನ್ನು ಹೊಂದಿರಬೇಕೆಂಬುದು ಅಲ್ಲಿಂದ ಕಡ್ಡಾಯವಾಯಿತು. ಕಂಪನಿಗಳ ಇಚ್ಛೆಗೆ ಬಿಟ್ಟಿದ್ದಾಗ ಹದಿನಾಲ್ಕು ವರ್ಷ ಆಗದಿದ್ದುದು ಹನ್ನೊಂದು ವಾರಗಳಲ್ಲಿ ಕಾನೂನಾಯಿತು.

ನಂತರದ ಬಳಕೆ

ಸರಕು ರೈಲುಗಳಿಗೆ ಆ ಕಾಯಿದೆ ಅನ್ವಯಿಸಲಿಲ್ಲ. ಬ್ರಿಟನ್ನಿನಲ್ಲಿ 20ನೆಯ ಶತಮಾನದ ಉತ್ತರಾರ್ಧದವರೆಗೂ, ಇಳಿಜಾರಿನ ಮೇಲ್ತುದಿಯಲ್ಲಿ ಸರಕು ರೈಲನ್ನು ನಿಲ್ಲಿಸಿ, ಗಾರ್ಡ್ ಕೋಲಿನಿಂದ ಒಂದೊಂದು ಗಾಡಿಯ ಸನ್ನೆಗೋಲನ್ನು ಒತ್ತಿ ಬ್ರೇಕು ಹಾಕುವ ಪದ್ಧತಿ ನಡೆದುಬಂತು.

ಭಾರತದ ರೈಲುಗಳಲ್ಲಿ 20ನೆಯ ಶತಮಾನದ ಬಹುಭಾಗ ಸ್ವಯಂಚಾಲಿತ ನಿರ್ವಾತ ಬ್ರೇಕು ಬಳಕೆಯಲ್ಲಿದ್ದು, ಅನಂತರ ಗಾಳಿ ಬ್ರೇಕು ಅದರ ಸ್ಥಾನಕ್ಕೆ ಬಂದಿತು. ಆದರೆ ಗಾರ್ಡ್‌ನ ಬ್ರೇಕ್ ವ್ಯಾನಿನಲ್ಲಿ ಕೈ ಬ್ರೇಕು ಉಳಿದುಕೊಂಡಿದೆ. ಉತ್ತರ ಕನ್ನಡ ಜಿಲ್ಲೆಯ ಕ್ಯಾಸಲ್ ರಾಕ್‌ನಿಂದ ಗೋವಾದ ಕುಳೆಂ ಕಡೆಗೆ ಇಳಿಯುವ ಘಟ್ಟದ ಮಾರ್ಗದಲ್ಲಿ ಇಳಿಜಾರು 37 ಅಡಿಗೆ 1 ಅಡಿಯಷ್ಟು ಕಡಿದಾಗಿದೆ, ಅಂದರೆ ಆರ್ಮಾದ ಏರಿನ ಎರಡು ಪಟ್ಟು.

ನಿಲ್ಲಿಸಿಟ್ಟ ಗಾಡಿಗಳನ್ನು ಹಿಡಿದಿಡಲು ಇಂದಿಗೂ ಯಾಂತ್ರಿಕ ಕೈ ಬ್ರೇಕೇ ಬೇಕು. ಎಂಜಿನ್ ನಿಂತ ಮೇಲೆ ಗಾಳಿಯ ಒತ್ತಡ ಕ್ರಮೇಣ ಸೋರಿಹೋಗಬಹುದು. 2013ರ ಜುಲೈ 6ರಂದು ಕೆನಡಾದ ಲ್ಯಾಕ್ ಮೆಗಾಂಟಿಕ್ ಊರಿನಲ್ಲಿ ನಡೆದದ್ದು ಇದೇ. ಕಚ್ಚಾ ತೈಲದ 72 ಟ್ಯಾಂಕರುಗಳ ರೈಲನ್ನು ರಾತ್ರಿ ಇಳಿಜಾರಿನಲ್ಲಿ ನಿಲ್ಲಿಸಿದ್ದಾಗ 7 ಕೈ ಬ್ರೇಕುಗಳನ್ನು ಮಾತ್ರ ಹಾಕಲಾಗಿತ್ತು. ಎಂಜಿನ್ನುಗಳ ಗಾಳಿ ಬ್ರೇಕಿನ ಒತ್ತಡ ಇಳಿದ ಮೇಲೆ ಅವು ಸಾಲದೆ, ರೈಲು ಉರುಳಿ ಊರಿನ ನಡುವೆ ಹಳಿತಪ್ಪಿ ಸ್ಫೋಟಿಸಿತು. 47 ಮಂದಿ ಸತ್ತರು.