ಅಧಿಕಾರ ವಿಭಜನೆ ಮತ್ತು ದಕ್ಷಿಣ ಕನ್ನಡದ ಭೂನ್ಯಾಯಮಂಡಳಿ: ಅಮೆರಿಕದ ಮಾದರಿಯ ಬೆಳಕಿನಲ್ಲಿ

ಕರ್ನಾಟಕ ಭೂಸುಧಾರಣಾ ತಿದ್ದುಪಡಿ ಕಾಯಿದೆ ಜಾರಿಗೆ ಬಂದದ್ದು 1974ರ ಮಾರ್ಚ್ 1ರಂದು. ಸರಿಯಾಗಿ ಒಂದು ತಿಂಗಳ ಬಳಿಕ, ಏಪ್ರಿಲ್ 1ರಂದು, ಹೊಸ ದಂಡ ಪ್ರಕ್ರಿಯಾ ಸಂಹಿತೆ ಜಾರಿಗೆ ಬಂತು. ಈ ಸಂಹಿತೆ ಕ್ರಿಮಿನಲ್ ವಿಚಾರಣೆಯನ್ನು ಹೈಕೋರ್ಟಿನ ಅಧೀನದ ಮ್ಯಾಜಿಸ್ಟ್ರೇಟರಿಗೆ ಒಪ್ಪಿಸಿ, ಕಂದಾಯ ಅಧಿಕಾರಿಯ ಮ್ಯಾಜಿಸ್ಟ್ರೇಟಗಿರಿಯನ್ನು ಶಾಂತಿಪಾಲನೆಯಂಥ ಕೆಲಸಗಳಿಗೆ ಸೀಮಿತಗೊಳಿಸಿತು. ಕೆಲವು ರಾಜ್ಯಗಳಲ್ಲಿ ಮೊದಲೇ ಶುರುವಾಗಿದ್ದ ನ್ಯಾಯಾಂಗ–ಕಾರ್ಯಾಂಗಗಳ ಬೇರ್ಪಡಿಕೆ ಈಗ ಏಕರೂಪ ಪಡೆಯಿತು. ಭೂಸುಧಾರಣಾ ಕಾಯಿದೆ ನಡೆದದ್ದು ಇದಕ್ಕೆ ತದ್ವಿರುದ್ಧ ದಿಕ್ಕಿನಲ್ಲಿ. ಗೇಣಿ ಯಾರದು ಎಂಬ ಪ್ರಶ್ನೆಯನ್ನು ಅದು ಸಿವಿಲ್ ಕೋರ್ಟಿನಿಂದ ಕಿತ್ತು, ಅಸಿಸ್ಟೆಂಟ್ ಕಮಿಷನರರ ಅಧ್ಯಕ್ಷತೆಯ ಭೂನ್ಯಾಯಮಂಡಳಿಗೆ ಕೊಟ್ಟಿತು. ಉಳಿದ ಸದಸ್ಯರನ್ನು ನೇಮಿಸುತ್ತಿದ್ದುದೂ ಸರಕಾರವೇ. ಮೂಡುಬಿದಿರೆ ಬಳಿಯ ಶಿರ್ತಾಡಿಯ ಒಬ್ಬ ಚಾಲಗೇಣಿ (ಶಾಶ್ವತ ಹಕ್ಕಿಲ್ಲದ ಗೇಣಿ) ಒಕ್ಕಲಿಗೆ ಒಂದೇ ವಸಂತದಲ್ಲಿ ಎರಡು ವಿರುದ್ಧ ಸಿದ್ಧಾಂತಗಳು ಅನ್ವಯವಾದವು. ಒಂದು ಸಿದ್ಧಾಂತ, ಇನ್ನೊಂದು ಅದಕ್ಕೆ ದ್ರೋಹ ಎಂದು ನೋಡುವುದು ವಾಡಿಕೆ. ಅಮೆರಿಕದ ಸಂವಿಧಾನದ ಇತಿಹಾಸ ಆ ತೀರ್ಮಾನವನ್ನು ಒಪ್ಪುವುದಿಲ್ಲ ಎಂಬುದು ನನ್ನ ವಾದ.

ಅಮೆರಿಕದ ಸಂವಿಧಾನದ ಮೊದಲ ಮೂರು ವಿಧಿಗಳು ಕಾಂಗ್ರೆಸ್ಸು, ಅಧ್ಯಕ್ಷ, ನ್ಯಾಯಾಲಯ ಎಂದು ಮೂರು ಅಂಗಗಳನ್ನು ನಿಲ್ಲಿಸುತ್ತವೆ. ಶಾಲೆಯ ಪಾಠ ಇಲ್ಲಿಗೇ ನಿಲ್ಲುತ್ತದೆ, ಅಲ್ಲೇ ತಪ್ಪು ಕಲ್ಪನೆ ಹುಟ್ಟುತ್ತದೆ. ಕಾಂಗ್ರೆಸ್ಸಿನ ಮಸೂದೆಯನ್ನು ಅಧ್ಯಕ್ಷ ವೀಟೋ ಮಾಡಬಲ್ಲ. ಅಧ್ಯಕ್ಷ ಹೆಸರಿಸಿದ ನ್ಯಾಯಾಧೀಶನಿಗೆ ಸೆನೆಟ್ಟಿನ ಒಪ್ಪಿಗೆ ಬೇಕು. ಅಧ್ಯಕ್ಷನ ಮಹಾಭಿಯೋಗವನ್ನು ವಿಚಾರಿಸುವುದೂ ಸೆನೆಟ್ಟೇ. ಹೀಗೆ ಒಂದರ ಕೆಲಸದಲ್ಲಿ ಇನ್ನೊಂದರ ಕೈ ಇದೆಯಲ್ಲ ಎಂಬ ಆಕ್ಷೇಪ 1787–88ರಲ್ಲೇ ಎದ್ದಿತ್ತು. ಸಂವಿಧಾನದ ರಚನಕಾರರಲ್ಲೊಬ್ಬನಾದ ಜೇಮ್ಸ್ ಮ್ಯಾಡಿಸನ್ ಅದರ ಪರವಾದ ಫೆಡರಲಿಸ್ಟ್ ಲೇಖನಮಾಲೆಯ 47ನೆಯ ಬರಹದಲ್ಲಿ ಇದಕ್ಕೆ ಉತ್ತರಿಸಿದ: ಅಧಿಕಾರ ವಿಭಜನೆಯ ಸಿದ್ಧಾಂತ ಮಂಡಿಸಿದ ಫ್ರೆಂಚ್ ಚಿಂತಕ ಮಾಂಟೆಸ್ಕ್ಯೂ ಆಕ್ಷೇಪಿಸಿದ್ದು ಅಂಗಗಳು ಅಷ್ಟಿಷ್ಟು ಬೆರೆಯುವುದನ್ನಲ್ಲ, ಒಂದರ ಪೂರ್ಣ ಅಧಿಕಾರ ಇನ್ನೊಂದರ ಕೈಗೆ ಸೇರುವುದನ್ನು. ಅಂದರೆ ಕೇಳಬೇಕಾದ ಪ್ರಶ್ನೆ ತೀರ್ಪು ಕೊಟ್ಟವನು ಯಾವ ಇಲಾಖೆಯವನು ಎಂಬುದಲ್ಲ, ಕೊನೆಯ ಮಾತು ಅವನದೇ ಆಗಿತ್ತೇ ಎಂಬುದು.

ಆ ಪ್ರಶ್ನೆಯನ್ನು ನಮ್ಮ ಜಿಲ್ಲೆಗೆ ಕೇಳಿದರೆ ಕಥೆ ಹಳೆಯದು. 1799ರಲ್ಲಿ, ಇಂದಿನ ದಕ್ಷಿಣ ಕನ್ನಡವೂ ಸೇರಿದ್ದ ಕೆನರಾದ ಕಲೆಕ್ಟರಾಗಿ ಬಂದ ಥಾಮಸ್ ಮನ್ರೋ ಮುಂದೆ ಕಲೆಕ್ಟರರ ಕೈಯಲ್ಲೇ ಪೊಲೀಸು, ಮ್ಯಾಜಿಸ್ಟ್ರೇಟಗಿರಿ ಇರಬೇಕೆಂದು ವಾದಿಸಿ, 1816ರ ಮದ್ರಾಸ್ ರೆಗ್ಯುಲೇಷನ್ನುಗಳಲ್ಲಿ ಅದನ್ನು ಸಾಧಿಸಿಕೊಂಡ. ಕಂದಾಯ ವಸೂಲಿ ಮಾಡುವವನೇ ದಂಡ ವಿಧಿಸುವ ಈ ಪದ್ಧತಿಯ ವಿರುದ್ಧ ಕಾಂಗ್ರೆಸ್ ಪಕ್ಷ ಹತ್ತೊಂಬತ್ತನೆಯ ಶತಮಾನದಿಂದಲೇ ಠರಾವು ಮಾಡುತ್ತ ಬಂತು. ನ್ಯಾಯಾಂಗವನ್ನು ಕಾರ್ಯಾಂಗದಿಂದ ಬೇರ್ಪಡಿಸಲು ಹೇಳುವ ಭಾರತ ಸಂವಿಧಾನದ 50ನೆಯ ವಿಧಿ ಆ ಬೇಡಿಕೆಯ ಫಲ. ಆದರೆ ಒಕ್ಕಲಿನ ಅನುಭವ ಬೇರೆ. ಚಾಲಗೇಣಿ ಎಷ್ಟೋ ಕಡೆ ಬಾಯಿಮಾತಿನದು, ಗೇಣಿಗೆ ರಶೀದಿ ಕೊಡದ ಧಣಿಗಳೂ ಇದ್ದರು. ದಸ್ತಾವೇಜನ್ನೇ ನಂಬುವ ಸಿವಿಲ್ ಕೋರ್ಟು, ಫೀಸು ಕೇಳುವ ವಕೀಲರು, ವರ್ಷಗಟ್ಟಲೆ ಎಳೆಯುವ ಅಪೀಲು: ಎಲ್ಲವೂ ಕಾಗದವುಳ್ಳವನಿಗೆ ಅನುಕೂಲ. ಸ್ವತಂತ್ರ ನ್ಯಾಯಾಲಯ ನಿಷ್ಪಕ್ಷಪಾತಿಯಾಗಿದ್ದೂ ಒಕ್ಕಲಿಗೆ ನಿಲುಕದೆ ಇರಬಹುದು. 1974ರ ಕಾಯಿದೆ ಈ ತೊಡಕಿಗೇ ಕೈ ಹಾಕಿತು. ಗೇಣಿ ಜಮೀನೆಲ್ಲ ಮಾರ್ಚ್ 1ರಂದು ಸರಕಾರಕ್ಕೆ ಸೇರಿತು. ಒಕ್ಕಲು 7ನೆಯ ನಮೂನೆಯಲ್ಲಿ ಅರ್ಜಿ, ಜನರ ಮಾತಿನಲ್ಲಿ ‘ಡಿಕ್ಲರೇಷನ್’, ಕೊಟ್ಟರೆ ಮಂಡಳಿ ವಿಚಾರಿಸಿ ತೀರ್ಮಾನಿಸುತ್ತಿತ್ತು. ಸದಸ್ಯರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರಾಗಿರಬೇಕಿತ್ತು, ವಕೀಲರಿಗೆ ಪ್ರವೇಶವಿರಲಿಲ್ಲ.

ಸರಕಾರವೇ ನೇಮಿಸಿದ ಸದಸ್ಯರು ಸರಕಾರದ ಕಾರ್ಯಕ್ರಮದ ಪರವಾಗಿ ತೀರ್ಪು ಕೊಡದೆ ಇರುತ್ತಾರೆಯೇ ಎಂಬುದು ದೊಡ್ಡ ಆಕ್ಷೇಪ. ಅದು ಹುರುಳಿಲ್ಲದ ಮಾತಲ್ಲ. ಆದರೆ ಮಂಡಳಿಯ ಮೇಲೆ ಹೈಕೋರ್ಟಿನ ರಿಟ್ ಅಧಿಕಾರವಿತ್ತು. ಎದುರುಪಕ್ಷದ ಮಾತು ಕೇಳದೆ ಮಾಡಿದ ಆದೇಶ, ಕಾರಣ ಬರೆಯದ ಆದೇಶ ಅಲ್ಲಿ ಪ್ರಶ್ನೆಗೊಳಗಾಗಬಹುದಿತ್ತು. ಕಾಯಿದೆ ಸಂವಿಧಾನದ ಒಂಬತ್ತನೆಯ ಅನುಸೂಚಿಯಲ್ಲಿ ಸೇರಿದ್ದರಿಂದ ಪರಿಶೀಲನೆಯೇ ಇರಲಿಲ್ಲವಲ್ಲ ಎನ್ನುವವರಿದ್ದಾರೆ. ಆ ಅನುಸೂಚಿಯ ರಕ್ಷೆ ಶಾಸನಕ್ಕೆ ಮಾತ್ರ, ಅದೂ ಮೂಲಭೂತ ಹಕ್ಕುಗಳ ಆಧಾರದ ಪ್ರಶ್ನೆಯಿಂದ. ಒಂದೊಂದು ಜಮೀನಿನ ಮೇಲೆ ಮಂಡಳಿ ಹೊರಡಿಸಿದ ಅಡ್ಡಾದಿಡ್ಡಿ ಆದೇಶಕ್ಕಲ್ಲ. 1987ರಲ್ಲಿ ಶ್ರೀನಿವಾಸ ರಾಘವಾಚಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ವಕೀಲರ ನಿಷೇಧವನ್ನು ಕೇಂದ್ರದ ಅಡ್ವೊಕೇಟ್ಸ್ ಕಾಯಿದೆಗೆ ಹೊಂದದ್ದೆಂದು ತಳ್ಳಿಹಾಕಿತು. ಅಂಗಗಳು ಬೆರೆತಿದ್ದವು, ಆದರೆ ಯಾವುದೂ ಸರ್ವಾಧಿಕಾರಿಯಾಗಿರಲಿಲ್ಲ.

ಅಮೆರಿಕವೂ ಇದೇ ದಾರಿಯಲ್ಲಿ ಎಡವುತ್ತ ನಡೆದಿದೆ. ಬಂದರು ಕಾರ್ಮಿಕರ ಪರಿಹಾರವನ್ನು ಆಡಳಿತಾಧಿಕಾರಿಯೊಬ್ಬ ತೀರ್ಮಾನಿಸಬಹುದೇ ಎಂಬ ಕ್ರೊವೆಲ್ ವಿರುದ್ಧ ಬೆನ್ಸನ್ ಪ್ರಕರಣದಲ್ಲಿ (1932) ಅಲ್ಲಿನ ಸುಪ್ರೀಂ ಕೋರ್ಟು, ಬಹುಮಟ್ಟಿಗೆ ವಾಸ್ತವಾಂಶ ಗೊತ್ತುಮಾಡುವುದು ಅಧಿಕಾರಿಗೆ, ಕಾನೂನಿನ ಪ್ರಶ್ನೆ ಕೋರ್ಟಿಗೆ ಎಂದು ಹಂಚಿತು. 1946ರ ಆಡಳಿತ ಪ್ರಕ್ರಿಯಾ ಕಾಯಿದೆ ಈ ಮಿಶ್ರಣಕ್ಕೆ ಕಟ್ಟುಪಾಡು ಹಾಕಿತು. 2024ರಲ್ಲಿ ಕೋರ್ಟು ಮತ್ತೆ ಹಗ್ಗ ಬಿಗಿ ಮಾಡಿ, ಷೇರು ವಂಚನೆಗೆ ದಂಡ ಕೇಳುವ ನಿಯಂತ್ರಣ ಸಂಸ್ಥೆ ತನ್ನದೇ ವಿಚಾರಣಾಧಿಕಾರಿಯ ಮುಂದೆ ಹೋಗುವಂತಿಲ್ಲ, ಜ್ಯೂರಿ ಬೇಕು ಎಂದಿತು. ಇನ್ನೂರು ವರ್ಷ ದಾಟಿದರೂ ಗೆರೆ ಒಂದೇ ಕಡೆ ನಿಂತಿಲ್ಲ.

ಹಾಗಾದರೆ ದಕ್ಷಿಣ ಕನ್ನಡದ ವ್ಯವಸ್ಥೆಯಲ್ಲಿ ದೋಷವಿರಲಿಲ್ಲವೇ? ಇತ್ತು, ಟೀಕಾಕಾರರು ಬೊಟ್ಟು ಮಾಡುವ ಕಡೆ ಅಲ್ಲ, ಮಂಡಳಿಗೂ ಹೈಕೋರ್ಟಿಗೂ ನಡುವಿನ ಖಾಲಿ ಜಾಗದಲ್ಲಿ. ಜಿಲ್ಲೆಯಲ್ಲಿ ಅಪೀಲಿಗೆ ಅವಕಾಶವಿಲ್ಲದೆ ಸಣ್ಣ ಹಿಡುವಳಿಯ ತಕರಾರಿಗೂ ಬೆಂಗಳೂರಿಗೇ ಹೋಗಬೇಕಿತ್ತು, ಅಲ್ಲಿ ಸಾಕ್ಷ್ಯವನ್ನು ಹೊಸದಾಗಿ ತೂಗುವ ರೂಢಿಯೂ ಇಲ್ಲ. 1986ರ ತಿದ್ದುಪಡಿ ಜಿಲ್ಲೆಗಳಿಗೆ ಮೇಲ್ಮನವಿ ಪ್ರಾಧಿಕಾರ ಕೊಟ್ಟಿತು, 1990ರ ತಿದ್ದುಪಡಿ ಅದನ್ನು ಕಿತ್ತುಕೊಂಡಿತು. ಒಕ್ಕಲು ಗೆದ್ದರೂ ಧಣಿ ಗೆದ್ದರೂ, ಸೋತವನಿಗೆ ಬೆಂಗಳೂರಿನ ದಾರಿಯೊಂದೇ ಮತ್ತೆ ಉಳಿಯಿತು.