ಗುಜರಿಯಲ್ಲಿ ಹುಟ್ಟಿದ ಬುಲ್ಡೋಜರ್

ಬುಲ್ಡೋಜರ್ ಅಂದರೆ ಒಂದು ಯಂತ್ರ ಅಂತ ನಾವೆಲ್ಲ ಅಂದುಕೊಂಡಿರುತ್ತೇವೆ. ಅದು ಅರ್ಧ ಸತ್ಯ ಅಷ್ಟೇ. ಅಮೆರಿಕದ ಪೇಟೆಂಟ್ ಕಚೇರಿ 1925ರ ಜನವರಿ 6ರಂದು ಕೊಟ್ಟ 1522378ನೇ ನಂಬರಿನ ಪೇಟೆಂಟ್ ಒಂದಿದೆ. ಬುಲ್ಡೋಜರಿನ ಹುಟ್ಟಿನ ದಾಖಲೆ ಅಂತ ಎಲ್ಲರೂ ತೋರಿಸುವುದು ಅದನ್ನೇ. ಆದರೆ ಅದರ ಶೀರ್ಷಿಕೆಯಲ್ಲಿ ಬುಲ್ಡೋಜರ್ ಅನ್ನೋ ಪದವೇ ಇಲ್ಲ! 'ಟ್ರ್ಯಾಕ್ಟರುಗಳಿಗೆ ಅಟ್ಯಾಚ್‌ಮೆಂಟ್' ಅಂತಷ್ಟೇ ಇದೆ. ಅಂದರೆ ನಾವು ಯಂತ್ರ ಅಂತ ಕರೆಯುವುದು ಶುರುವಾದದ್ದು, ಬೇರೆ ಯಾರೋ ಮಾಡಿದ ಯಂತ್ರದ ಮೂತಿಗೆ ಇನ್ಯಾರೋ ಮನೆಯಲ್ಲಿ ಮಾಡಿ ಸಿಕ್ಕಿಸಿದ ಒಂದು ಹಲಗೆಯಾಗಿ.

ಈ ಸಂಗತಿ ನನ್ನನ್ನು ಬಹಳ ದಿನದಿಂದ ಕಾಡುತ್ತಿದೆ. ಯಂತ್ರಗಳ ಚರಿತ್ರೆ ಅಂದ ಕೂಡಲೇ ದೊಡ್ಡ ಕಾರ್ಖಾನೆ, ಕೋಟು ಹಾಕಿಕೊಂಡ ಇಂಜಿನಿಯರುಗಳ ಚಿತ್ರ ಬರುತ್ತೆ. ಬುಲ್ಡೋಜರಿನ ಕಥೆಯಲ್ಲಿ ಮಾತ್ರ ಬರೋದು ರೈತರು, ವೆಲ್ಡಿಂಗ್ ಮಾಡುವವರು, ಗ್ಯಾರೇಜಿನವರು. ಅವರ ಬಗ್ಗೆ ಸ್ವಲ್ಪ ಬರೆಯೋಣ ಅಂತ ಈ ಪೋಸ್ಟು.

ಮೊದಲು ಆ ಪದದ ವಿಷಯ ಮುಗಿಸಿಬಿಡುತ್ತೇನೆ, ಯಾಕೆಂದರೆ ಅದು ಅಷ್ಟು ಹಿತವಾದ ಕಥೆಯಲ್ಲ. 1876ರ ಅಮೆರಿಕದ ಚುನಾವಣೆಯ ಹೊತ್ತಿಗೆ ಲೂಸಿಯಾನಾದಲ್ಲಿ ಕಪ್ಪು ಜನರು ವೋಟು ಹಾಕದಂತೆ ಚಾವಟಿಯಿಂದ ಹೊಡೆದು ಹೆದರಿಸುತ್ತಿದ್ದರು. ಗೂಳಿಗೆ ಕೊಡುವಷ್ಟು 'ಡೋಸು' ಅನ್ನುವ ಅರ್ಥದಲ್ಲಿ ಆ ದೌರ್ಜನ್ಯಕ್ಕೆ ಬುಲ್‌ಡೋಸ್ ಅಂತ ಹೆಸರು ಬಂತು, ಹಾಗೆ ಮಾಡುವವರು ಬುಲ್ಡೋಜರುಗಳಾದರು. ಎದುರಿಗೆ ಸಿಕ್ಕಿದ್ದನ್ನೆಲ್ಲ ದಬ್ಬಿಕೊಂಡು ಹೋಗುವ ಕಬ್ಬಿಣದ ಹಲಗೆಗೆ ಆ ಹೆಸರು ಅಂಟಿಕೊಂಡದ್ದು ಆಮೇಲೆ. ಎಷ್ಟೋ ವರ್ಷ ಬುಲ್ಡೋಜರ್ ಅಂದರೆ ಮುಂದಿನ ಬ್ಲೇಡು ಮಾತ್ರ. ಹಿಂದೆ ಇರೋ ಗಾಡಿಗೆ ಕ್ರಾಲರ್ ಟ್ರ್ಯಾಕ್ಟರ್ ಅಂತ ಬೇರೆಯೇ ಹೆಸರಿತ್ತು.

ಆ ಗಾಡಿ ಬಂದದ್ದು ಕ್ಯಾಲಿಫೋರ್ನಿಯಾದ ಸ್ಟಾಕ್ಟನ್‌ನಿಂದ. ಅಲ್ಲಿನ ನದೀಮುಖಜ ಭೂಮಿಯ ಮಣ್ಣು ಎಷ್ಟು ಮೆತ್ತಗೆ ಅಂದರೆ ಭಾರದ ಉಗಿ ಟ್ರ್ಯಾಕ್ಟರಿನ ಚಕ್ರ ಹೂತು ಹೋಗುತ್ತಿತ್ತು. ಬೆಂಜಮಿನ್ ಹೋಲ್ಟ್ ಅನ್ನುವವರು ಚಕ್ರ ತೆಗೆದು ಚೈನು ಹಾಕಿ 1904ರ ನವೆಂಬರ್ 24ರಂದು ಓಡಿಸಿ ನೋಡಿದರು. ತೂಕ ನೆಲದ ಮೇಲೆ ಹರಡಿಕೊಂಡಿತು, ಗಾಡಿ ಹೂಳಲಿಲ್ಲ. ನಮ್ಮ ಗದ್ದೆಗಳಲ್ಲಿ ಟಿಲ್ಲರಿಗೆ ಕಬ್ಬಿಣದ ಪಂಜರದ ಚಕ್ರ ಹಾಕುತ್ತಾರಲ್ಲ, ಆ ಕಷ್ಟಕ್ಕೇ ಇದು ಇನ್ನೊಂದು ಪರಿಹಾರ. ಹೋಲ್ಟ್ ಕಂಪನಿಯೂ ಅದರ ಪ್ರತಿಸ್ಪರ್ಧಿ ಬೆಸ್ಟ್ ಕಂಪನಿಯೂ ಸೇರಿ 1925ರಲ್ಲಿ ಕ್ಯಾಟರ್ಪಿಲ್ಲರ್ ಆಯಿತು.

ಚೈನಿನ ಟ್ರ್ಯಾಕ್ಟರ್ ಎಳೆಯುತ್ತಿತ್ತು, ದಬ್ಬುತ್ತಿರಲಿಲ್ಲ. ದಬ್ಬುವ ಕೆಲಸ ಆಗಿನ್ನೂ ಹೇಸರಗತ್ತೆಗಳದ್ದೇ. 1923ರಲ್ಲಿ ಕನ್ಸಾಸ್ ರಾಜ್ಯದ ಮೊರೋವಿಲ್ ಅನ್ನೋ ಪುಟ್ಟ ಊರಿನ ಹತ್ತಿರ ಎಣ್ಣೆಯ ಪೈಪ್‌ಲೈನ್ ಹಾಕುತ್ತಿದ್ದರು. ಉದ್ದಕ್ಕೂ ಗುಂಡಿ ತೋಡಿ, ಪೈಪು ಇಳಿಸಿ, ಮಣ್ಣನ್ನು ಮತ್ತೆ ಮುಚ್ಚಬೇಕು. ಅದನ್ನು ಹೇಸರಗತ್ತೆ ಕಟ್ಟಿ ಮಾಡೋದನ್ನು ನೋಡಿದ ಜೇಮ್ಸ್ ಕಮಿಂಗ್ಸ್ ಎಂಬ ಯುವ ರೈತನಿಗೆ ಇದನ್ನು ಯಂತ್ರದಲ್ಲಿ ಮಾಡಬಹುದಲ್ಲ ಅನ್ನಿಸಿತು. ಜೊತೆಗೆ ಸಿಕ್ಕವರು ಜೆ. ಅರ್ಲ್ ಮೆಕ್‌ಲಿಯಾಡ್, ವೃತ್ತಿಯಲ್ಲಿ ನಕ್ಷೆ ಬರೆಯುವವರು. ಇಬ್ಬರೂ ಗುಜರಿಯಿಂದ ಸಾಮಾನು ಆಯ್ದು ತಂದರು: ಹಳೇ ಫೋರ್ಡ್ ಮಾಡೆಲ್ ಟಿ ಕಾರಿನ ಫ್ರೇಮು, ಗಾಳಿಯಂತ್ರದ ಸ್ಪ್ರಿಂಗುಗಳು, ಹೀಗೇ ಇನ್ನೊಂದಿಷ್ಟು. ಅದರಿಂದ ಟ್ರ್ಯಾಕ್ಟರಿನ ಮುಂದೆ ಕಟ್ಟುವ, ಮೇಲೆ ಕೆಳಗೆ ಆಡಿಸಬಹುದಾದ ಬ್ಲೇಡು ಮಾಡಿದರು. ಪೈಪ್‌ಲೈನಿನ ಕೆಲಸವೂ ಸಿಕ್ಕಿತು, ಮುಂದೆ ಪೇಟೆಂಟೂ ಸಿಕ್ಕಿತು. ಈಗಲೂ ಮೊರೋವಿಲ್‌ನ ಪಾರ್ಕಿನಲ್ಲಿ ಅದರ ಪ್ರತಿಕೃತಿ ನಿಲ್ಲಿಸಿದ್ದಾರೆ.

ಇವರೇ ಮೊದಲಿಗರಾ ಅನ್ನುವ ಬಗ್ಗೆ ಜಗಳ ಇದ್ದೇ ಇದೆ. ಅದಕ್ಕೂ ಮುಂಚೆಯೇ ಪ್ರಾಣಿಗಳ ಮುಂದೆ ಹಲಗೆ ಕಟ್ಟಿ ಮಣ್ಣು ದಬ್ಬಿಸಿದವರಿದ್ದರು. ಆದರೆ ಹಲವರು ಹಲವು ಕಡೆ ಒಂದೇ ಕಾಲಕ್ಕೆ ಒಂದೇ ಥರದ ಹಲಗೆ ಬೆಸೆಯುತ್ತಿದ್ದರು ಅನ್ನೋದು ನನಗೆ ಹೆಚ್ಚು ಮುಖ್ಯ ಅನ್ನಿಸುತ್ತೆ. ಕಷ್ಟ ಎಲ್ಲರಿಗೂ ಒಂದೇ ಇತ್ತು, ಟ್ರ್ಯಾಕ್ಟರು ಎಲ್ಲರ ಹತ್ತಿರ ಬಂದಿತ್ತು, ಗುಜರಿ ಎಲ್ಲಾ ಊರಲ್ಲೂ ಇತ್ತು!

ಸ್ಟಾಕ್ಟನ್‌ನ ಇನ್ನೊಬ್ಬರನ್ನು ಬಿಟ್ಟರೆ ಈ ಕಥೆ ಪೂರ್ತಿಯಾಗಲ್ಲ. ಆರ್. ಜಿ. ಲೆಟೂರ್ನೋ (1888–1969). ಶಾಲೆ ಅರ್ಧಕ್ಕೇ ಬಿಟ್ಟವರು, ಗ್ಯಾರೇಜು ನಡೆಸಿದವರು. ಒಬ್ಬ ರೈತನ ಹೋಲ್ಟ್ ಟ್ರ್ಯಾಕ್ಟರ್ ರಿಪೇರಿ ಮಾಡಿಕೊಟ್ಟಾಗ, ಅದರಲ್ಲೇ ಜಮೀನು ಸಮ ಮಾಡಿಕೊಡು ಅಂದರಂತೆ. ಕೆಲಸ ಹಿಡಿಸಿತು. 1920ರಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಹೋಲ್ಟ್ ಕೊಂಡು, ಬಾಡಿಗೆಗೆ ಸ್ಕ್ರೇಪರ್ ತಂದು ದಂಧೆ ಶುರುಮಾಡಿದರು. 1921ರಲ್ಲಿ ಸ್ವಂತ ಶೆಡ್ಡು. ಆಗ ಭಾರದ ಯಂತ್ರಗಳನ್ನೆಲ್ಲ ರಿವೆಟ್ ಹೊಡೆದು ಜೋಡಿಸುತ್ತಿದ್ದರು, ಬೆಸುಗೆಯನ್ನು ನಂಬುವವರು ಕಡಿಮೆ. ಲೆಟೂರ್ನೋ ತಾವು ಮಾಡಿದ್ದನ್ನೆಲ್ಲ ವೆಲ್ಡ್ ಮಾಡಿದರು. ಬ್ಲೇಡು ಎತ್ತಲು ಟ್ರ್ಯಾಕ್ಟರಿನ ಬೆನ್ನಿಗೆ ವಿಂಚು ಕೂರಿಸಿ ಉಕ್ಕಿನ ಹಗ್ಗ ಕಟ್ಟಿದರು. ಕ್ಯಾಟರ್ಪಿಲ್ಲರ್ ಕಂಪನಿ ಬಹಳ ಕಾಲ ಟ್ರ್ಯಾಕ್ಟರ್ ಮಾಡುತ್ತಿತ್ತೇ ಹೊರತು ಅದರ ಮುಂದಿನ ಡೋಜರ್ ಬ್ಲೇಡು ಮಾಡುತ್ತಿರಲಿಲ್ಲ. ಅದರ ಡೀಲರುಗಳು ಗಿರಾಕಿಗೆ ಮಾರುತ್ತಿದ್ದ ಬ್ಲೇಡು, ಸ್ಕ್ರೇಪರುಗಳಲ್ಲಿ ಬಹಳಷ್ಟು ಲೆಟೂರ್ನೋ ಅವರದ್ದು. ಎರಡನೇ ಮಹಾಯುದ್ಧದಲ್ಲಿ ಮಿತ್ರಪಕ್ಷಗಳು ಬಳಸಿದ ಮಣ್ಣಿನ ಕೆಲಸದ ಯಂತ್ರಗಳಲ್ಲಿ ದೊಡ್ಡ ಪಾಲು ಅವರ ಕಾರ್ಖಾನೆಗಳಿಂದ ಹೋದದ್ದೇ.

ಈಗ ಸಣ್ಣ ಗಾಡಿಗಳಿಗೆ ಬರೋಣ, ನನಗೆ ಅವೇ ಹೆಚ್ಚು ಇಷ್ಟ. ವಾಷಿಂಗ್ಟನ್ ರಾಜ್ಯದ ಯಾಕಿಮಾ ಸೇಬಿನ ತೋಟಗಳ ಸೀಮೆ. ಇಳಿಜಾರಿನ ತೋಟದಲ್ಲಿ ಚಕ್ರದ ಟ್ರ್ಯಾಕ್ಟರು ಜಾರುತ್ತೆ, ಮರಗಳ ಕೆಳಗೆ ದೊಡ್ಡ ಗಾಡಿ ನುಗ್ಗಲ್ಲ. ಅಲ್ಲಿನ ಜೆಸ್ಸಿ ಲಿಂಡೆಮನ್ ಮತ್ತು ಸೋದರರು ಜಾನ್ ಡೀರ್ ಟ್ರ್ಯಾಕ್ಟರಿನ ಚಕ್ರ ಕಳಚಿ ತಮ್ಮದೇ ಚೈನು ಹಾಕಿದರು. ಅದು ಎಷ್ಟು ಚೆನ್ನಾಗಿತ್ತೆಂದರೆ ಕಂಪನಿಯೇ 1939ರ ಸುಮಾರಿನಿಂದ ಅಯೋವಾದ ವಾಟರ್ಲೂ ಕಾರ್ಖಾನೆಯಲ್ಲಿ ಮಾಡಿದ ಬಿಓ ಮಾಡೆಲುಗಳನ್ನು ಚಕ್ರವಿಲ್ಲದೆ ಯಾಕಿಮಾಕ್ಕೆ ಕಳಿಸತೊಡಗಿತು. ಲಿಂಡೆಮನ್ನರು ಚೈನು ಹಾಕಿ, ಬೇಕಾದವರಿಗೆ ಬ್ಲೇಡೂ ಹಾಕಿ ಮಾರುತ್ತಿದ್ದರು. ಒಂದೂವರೆ ಸಾವಿರಕ್ಕೂ ಹೆಚ್ಚು ಗಾಡಿಗಳು ಹೀಗೆ ಹೊರಬಂದವು. 1947ರ ಹೊತ್ತಿಗೆ ಡೀರ್ ಕಂಪನಿ ಲಿಂಡೆಮನ್ನರ ಉದ್ಯಮವನ್ನೇ ಕೊಂಡುಕೊಂಡಿತು. 1949ರಲ್ಲಿ ತನ್ನದೇ ಎಂಸಿ ಮಾಡೆಲ್ ತಂದಿತು, ಆಮೇಲೆ 40ಸಿ, 420ಸಿ ಬಂದವು.

ಎಂಸಿಯಲ್ಲಿ ಒಂದು ಬದಿಯ ಚೈನಿಗೆ ಮೂರೇ ರೋಲರು. ಆಮೇಲಿನ ಗಾಡಿಗಳಲ್ಲಿ ನಾಲ್ಕು ಇಲ್ಲವೇ ಐದು. ಯಾಕಿರಬಹುದು? ಇದಕ್ಕೆ ಉತ್ತರ ನಮ್ಮ ಏತದಲ್ಲಿದೆ. ಏತದ ಮರದ ತುದಿಯಲ್ಲಿರುವ ಸಣ್ಣ ಭಾರ ಬುಡದ ದೊಡ್ಡ ಭಾರಕ್ಕೆ ಸಮನಾಗುತ್ತೆ. ಬ್ಲೇಡು ಚೈನಿಗಿಂತ ಮುಂದೆ ಚಾಚಿಕೊಂಡಿರೋದರಿಂದ ಅದರ ಒಂದೊಂದು ಕಿಲೋ ಕೂಡ ಗಾಡಿಯ ಮೂತಿಯನ್ನು ನೆಲಕ್ಕೆ ಒತ್ತುತ್ತೆ. ಚೈನು ಗಿಡ್ಡವಿದ್ದರೆ ಗಾಡಿ ಮುಗ್ಗರಿಸುತ್ತೆ, ಮುಂದಿನ ರೋಲರು ಬೇಗ ಸವೆಯುತ್ತೆ. ನೆಲಕ್ಕೆ ತಾಗುವ ಚೈನನ್ನು ಉದ್ದ ಮಾಡಿದರೆ ಗಾಡಿ ನೆಟ್ಟಗೆ ನಿಲ್ಲುತ್ತೆ.

ಮನೆಯಲ್ಲಿ ಅಟ್ಯಾಚ್‌ಮೆಂಟ್ ಮಾಡುವವರು ಮೊದಲು ಕಲಿಯುವ ಪಾಠವೂ ಇದೇ. ಮುಂದೆ ಇನ್ನೂರು ಕಿಲೋ ಹಾಕಿದರೆ ಹಿಂದೆಯೂ ಏನಾದರೂ ಹಾಕಬೇಕು. ಅದಕ್ಕೇ ಹಿಂದೆ ವಿಂಚೋ, ನೆಲ ಸೀಳುವ ರಿಪ್ಪರೋ ಕೂರಿಸುತ್ತಾರೆ, ಕೆಲಸವೂ ಆಯಿತು ತೂಕವೂ ಸರಿಹೋಯಿತು. ಬ್ಲೇಡಿನ ಕೆಳ ಅಂಚು ಬೇಗ ಸವೆಯುವುದರಿಂದ ಅದನ್ನು ಬೆಸೆಯದೆ ಬೋಲ್ಟು ಹಾಕುತ್ತಾರೆ. ರಸ್ತೆ ಗ್ರೇಡರಿನ ಹಳೇ ಅಂಚು ಸಿಕ್ಕರೆ ಅದೇ ಸಾಕು. ಬೇರು ಕೀಳಲು ಹಲಗೆಯ ಬದಲು ಹಲ್ಲುಗಳ ಕುಂಟೆ, ಮಣ್ಣು ಸಂದಿಯಿಂದ ಉದುರಿ ಬೇರು ಮಾತ್ರ ಮುಂದೆ ಹೋಗುತ್ತೆ. ಹಲ್ಲಿಗೆ ಲಾರಿಯ ಕಮಾನು ಪಟ್ಟಿ ಬಳಸುವವರು ಬೆಸೆಯುವ ಮುಂಚೆ ಅದನ್ನು ಚೆನ್ನಾಗಿ ಕಾಯಿಸಬೇಕು. ಅದರಲ್ಲಿ ಇಂಗಾಲ ಹೆಚ್ಚು, ತಣ್ಣಗಿದ್ದಾಗ ಬೆಸೆದರೆ ಬೆಸುಗೆಯ ಪಕ್ಕದಲ್ಲೇ ಬಿರುಕು ಬಿಡುತ್ತೆ. ಇದೆಲ್ಲ ಯಾವ ಕಾಲೇಜಿಗೂ ಹೋಗದ ಮೇಸ್ತ್ರಿಗೆ ಕೈಯಲ್ಲೇ ಗೊತ್ತಿರುತ್ತೆ.

ಯುದ್ಧದ ಒಂದು ಪ್ರಸಂಗ ಹೇಳದಿದ್ದರೆ ಸಮಾಧಾನವಿಲ್ಲ. 1944ರ ಬೇಸಿಗೆ, ಫ್ರಾನ್ಸಿನ ನಾರ್ಮಂಡಿ. ಅಲ್ಲಿನ ಹೊಲಗಳ ಸುತ್ತ ಶತಮಾನಗಳಿಂದ ಬೆಳೆದ ಬೇಲಿ, ಮಣ್ಣಿನ ದಿಬ್ಬದ ಮೇಲೆ ಬೇರು ಹೆಣೆದುಕೊಂಡ ಗೋಡೆ. ಟ್ಯಾಂಕು ಹತ್ತಲು ಹೋದರೆ ಮೂತಿ ಮೇಲೆದ್ದು ತೆಳುವಾದ ಹೊಟ್ಟೆ ಶತ್ರುವಿಗೆ ಕಾಣುತ್ತಿತ್ತು. ಬುಲ್ಡೋಜರ್ ಬ್ಲೇಡಿನ ಟ್ಯಾಂಕುಗಳು ಸಾಕಷ್ಟಿರಲಿಲ್ಲ. ಆಗ ಕರ್ಟಿಸ್ ಕ್ಯುಲಿನ್ ಎಂಬ ಸಾರ್ಜೆಂಟ್, ಜರ್ಮನ್ನರು ಸಮುದ್ರ ತೀರದಲ್ಲಿ ಅಡ್ಡಗಾಲಾಗಿ ನೆಟ್ಟಿದ್ದ ಉಕ್ಕಿನ ಕಂಬಗಳನ್ನೇ ಕತ್ತರಿಸಿ, ಕೋರೆಹಲ್ಲಿನಂತೆ ಟ್ಯಾಂಕಿನ ಮುಂದೆ ಬೆಸೆದರು. ಹಲ್ಲು ದಿಬ್ಬಕ್ಕೆ ನಾಟಿಕೊಂಡರೆ ಮೂತಿ ಮೇಲೇಳಲ್ಲ, ಟ್ಯಾಂಕು ಬೇಲಿ ಸೀಳಿಕೊಂಡು ಹೋಗುತ್ತೆ. ಜುಲೈ 14ರಂದು ಜನರಲ್ ಬ್ರಾಡ್ಲಿ ಅದನ್ನು ನೋಡಿದರು. ಜುಲೈ 25ರ ದಾಳಿಯ ಹೊತ್ತಿಗೆ ನೂರಾರು ಟ್ಯಾಂಕುಗಳಿಗೆ ಕೋರೆ ಬಂದಿತ್ತು. ಇದು ತನ್ನ ಯೋಚನೆಯಲ್ಲ, ರಾಬರ್ಟ್ಸ್ ಎಂಬ ಇನ್ನೊಬ್ಬ ಸೈನಿಕ ಹೇಳಿದ್ದು ಅಂತ ಕ್ಯುಲಿನ್ ಆಮೇಲೆ ಹೇಳಿಕೊಂಡರು. ರಾಬರ್ಟ್ಸ್ ಮಾತು ಕೇಳಿ ಉಳಿದವರೆಲ್ಲ ನಕ್ಕಿದ್ದರಂತೆ. ಹೆಸರು ಮಾತ್ರ ಕ್ಯುಲಿನ್‌ದೇ ಉಳಿಯಿತು...

ಮನೆಯಲ್ಲಿ ಮಾಡಿದ್ದೆಲ್ಲ ಒಳ್ಳೆಯದು ಅಂತ ನಾನು ಹೇಳುತ್ತಿಲ್ಲ. ಹಳೇ ಸಣ್ಣ ಡೋಜರುಗಳಿಗೆ ತಲೆ ಮೇಲೆ ಏನೂ ಇರುತ್ತಿರಲಿಲ್ಲ. ಗಾಡಿ ಪಲ್ಟಿಯಾದರೆ ಓಡಿಸುವವನ ಕಥೆ ಮುಗಿದಂತೆ. ಸ್ವೀಡನ್ 1959ರಲ್ಲೇ ಹೊಸ ಟ್ರ್ಯಾಕ್ಟರುಗಳಿಗೆ ರಕ್ಷಣಾ ಚೌಕಟ್ಟು ಕಡ್ಡಾಯ ಮಾಡಿತು, ಪಲ್ಟಿ ಹೊಡೆದು ಸಾಯುವವರ ಸಂಖ್ಯೆ ಗಣನೀಯವಾಗಿ ಇಳಿಯಿತು. ಅಮೆರಿಕದಲ್ಲಿ 1972ರ ಸೆಪ್ಟೆಂಬರ್ 1ರ ನಂತರ ತಯಾರಾದ ನಿರ್ಮಾಣ ಕೆಲಸದ ಡೋಜರುಗಳಿಗೆ ಅದು ಬೇಕೇ ಬೇಕು. ಈ ಚೌಕಟ್ಟನ್ನು ಗಾಡಿಯ ತೂಕಕ್ಕೆ ತಕ್ಕಂತೆ ಪರೀಕ್ಷೆ ಮಾಡಿ ಒಪ್ಪಿರುತ್ತಾರೆ. ನೀರಿನ ಪೈಪು ಬಗ್ಗಿಸಿ ಮಾಡಿದ ನೆರಳಿನ ಚಪ್ಪರ ಅದಕ್ಕೆ ಬದಲಿಯಲ್ಲ, ಮಡಚಿಕೊಂಡು ತಲೆ ಮೇಲೇ ಬೀಳುತ್ತೆ. ಬ್ಲೇಡು ಬಿರುಕು ಬಿಟ್ಟರೆ ಮತ್ತೆ ಬೆಸೆಯಬಹುದು, ಚೌಕಟ್ಟು ಬಿರುಕು ಬಿಟ್ಟಿತೆಂದು ಗೊತ್ತಾಗೋದು ಗಾಡಿ ಮಗುಚಿದಾಗ.

ಇಷ್ಟೆಲ್ಲ ಯಾಕೆ ಬರೆದೆ ಅಂದರೆ, ಈಗ ಪ್ರಶ್ನೆ ಬೇರೆಯೇ ಆಗಿದೆ. ಕಮಿಂಗ್ಸ್ ಕಾಲದಲ್ಲಿ ಟ್ರ್ಯಾಕ್ಟರು ಕೊಂಡರೆ ಬೋಲ್ಟಿನವರೆಗೂ ಅದು ನಿಮ್ಮದು. ಈಗಿನ ಟ್ರ್ಯಾಕ್ಟರುಗಳಲ್ಲಿ ಕಂಪ್ಯೂಟರು ಇದೆ, ಕೆಲವು ರಿಪೇರಿಗೆ ಕಂಪನಿಯ ಸಾಫ್ಟ್‌ವೇರ್ ಇಲ್ಲದೆ ಸಾಗಲ್ಲ. ಅಮೆರಿಕದ ಕೊಲೊರಾಡೋ ರಾಜ್ಯ 2023ರಲ್ಲಿ ರೈತರಿಗೆ ತಮ್ಮ ಯಂತ್ರ ತಾವೇ ರಿಪೇರಿ ಮಾಡಿಕೊಳ್ಳುವ ಹಕ್ಕಿನ ಕಾನೂನು ಮಾಡಿತು, 2024ರ ಜನವರಿಯಿಂದ ಜಾರಿ. 2025ರ ಜನವರಿಯಲ್ಲಿ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಇದೇ ವಿಷಯಕ್ಕೆ ಡೀರ್ ಕಂಪನಿಯ ಮೇಲೆ ಮೊಕದ್ದಮೆ ಹೂಡಿತು. ಆರೋಪ ಸರಿಯಲ್ಲ ಅಂತ ಕಂಪನಿ ಹೇಳಿದೆ. ತೀರ್ಪಿನ ಮಾತು ಹಾಗಿರಲಿ, ಯಾಕಿಮಾದ ಸೋದರರು ಯಾರ ಅಪ್ಪಣೆಯನ್ನೂ ಕೇಳದೆ ಚಕ್ರ ಬಿಚ್ಚಿದ್ದು ಇದೇ ಕಂಪನಿಯ ಟ್ರ್ಯಾಕ್ಟರಿಂದ ಅನ್ನೋದು ನೆನಪಾಗುತ್ತೆ. ಅವತ್ತು ಬಿಚ್ಚೋಕೆ ಬಿಡದಿದ್ದರೆ ಕಂಪನಿಯ ಕ್ರಾಲರ್ ಎಲ್ಲಿಂದ ಬರುತ್ತಿತ್ತು?

ನಮ್ಮಲ್ಲೂ ಬುಲ್ಡೋಜರ್ ತಯಾರಾಗುತ್ತೆ. 1964ರಲ್ಲಿ ಶುರುವಾದ ಬಿಇಎಂಎಲ್, ಜಪಾನಿನ ಕೊಮಾಟ್ಸು ಕಂಪನಿಯ ತಂತ್ರಜ್ಞಾನ ಪಡೆದು ಕೆಜಿಎಫ್‌ನಲ್ಲಿ ಅವನ್ನು ಮಾಡಿತು. ಚಿನ್ನದ ಗಣಿ 2001ರಲ್ಲಿ ಮುಚ್ಚಿತು, ಮಣ್ಣು ದಬ್ಬುವ ಯಂತ್ರದ ಕಾರ್ಖಾನೆ ಉಳಿಯಿತು. ಆದರೆ ಕಮಿಂಗ್ಸ್ ವಂಶದವರನ್ನು ನೋಡಬೇಕೆಂದರೆ ಕಾರ್ಖಾನೆಗೆ ಹೋಗಬೇಕಿಲ್ಲ, ಯಾವುದಾದರೂ ತಾಲ್ಲೂಕು ಕೇಂದ್ರದ ವೆಲ್ಡಿಂಗ್ ಶಾಪಿನ ಮುಂದೆ ಅರ್ಧ ಗಂಟೆ ನಿಂತರೆ ಸಾಕು. ಟಿಲ್ಲರಿಗೆ ಟ್ರೇಲರು, ಟ್ರ್ಯಾಕ್ಟರಿಗೆ ಮಟ್ಟ ಮಾಡುವ ಹಲಗೆ, ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೀಚಿದ ನಕ್ಷೆ. ಆ ನಕ್ಷೆಗೆ ನಂಬರಿಲ್ಲ, ಪೇಟೆಂಟಿಲ್ಲ. ಸಂಜೆ ಕಸ ಗುಡಿಸಿದರೆ ಅದೂ ಇಲ್ಲ.

ನಿಮ್ಮೂರಲ್ಲೂ ಇಂಥ ಮೇಸ್ತ್ರಿಗಳು ಇದ್ದೇ ಇರುತ್ತಾರೆ. ಅವರು ಮಾಡಿದ್ದರ ಒಂದು ಫೋಟೋ ತೆಗೆದು, ಹೇಗೆ ಮಾಡಿದರು, ಯಾವ ಕಷ್ಟಕ್ಕೆ ಮಾಡಿದರು ಅಂತ ನಾಲ್ಕು ಸಾಲು ನಿಮ್ಮ ಬ್ಲಾಗಿನಲ್ಲಿ ಬರೆದಿಡಿ. ಮಾಡಿದವರ ಹೆಸರನ್ನೂ, ಅವರು ಒಪ್ಪಿದರೆ, ತಪ್ಪದೆ ಹಾಕಿ. ರಾಬರ್ಟ್ಸ್ ಗತಿ ಇನ್ನೊಬ್ಬರಿಗೆ ಬರೋದು ಬೇಡ :-)